ಬಿದ್ದರೂ ಮೀಸೆ ಮಣ್ಣಾಗಲಿಲ್ಲ: ಮೌಂಟನ್ ಬೈಕಿಂದ ಬಿದ್ದವರ ಇತಿಹಾಸ

(1/7)

ಸೈಕಲ್ ಇತಿಹಾಸ ಅಂದ್ರೆ ಯಾರು ಗೆದ್ರು, ಯಾವ ಕಂಪನಿ ಏನು ಕಂಡುಹಿಡೀತು ಅಂತಲೇ ಓದ್ತೀವಿ. ಈ ಏಳು ಪೋಸ್ಟ್‌ಗಳಲ್ಲಿ ನಾನು ಹೇಳೋದು ಬಿದ್ದವರ ಇತಿಹಾಸ. ನಿಮ್ಮ ಸೈಕಲ್ಲಿನ ಬ್ರೇಕು, ತಲೆ ಮೇಲಿನ ಹೆಲ್ಮೆಟ್ಟು, ಅಷ್ಟೇ ಯಾಕೆ, ಎರಡು ಚಕ್ರ ಒಂದೇ ಅಳತೆಯಲ್ಲಿರೋದು ಕೂಡ ಯಾರೋ ಬಿದ್ದಿದ್ದರ ಫಲ.

ತುರಹಳ್ಳಿ ಕಾಡಿನ ದಾರಿ ಇರ್ಲಿ, ನಿಮ್ಮೂರ ಹಿಂದಿನ ಗುಡ್ಡ ಇರ್ಲಿ, ಫ್ರೆಂಡ್ ಒಬ್ಬ ಸೈಕಲ್ಲಿಂದ ಬಿದ್ದ ಅಂತಿಟ್ಕೊಳ್ಳಿ. ಎದ್ದು ಮಣ್ಣು ಕೊಡವಿಕೊಂಡು ಅವನು ಹೇಳೋ ಮೊದಲ ಮಾತು ನಿಮಗೆಲ್ಲ ಗೊತ್ತು: "ಏ, ಏನೂ ಆಗಿಲ್ಲ ಬಿಡ್ರೋ." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಗಾದೆ ಮಾಡಿಲ್ಲ.

ಆ "ಏನೂ ಆಗಿಲ್ಲ"ವನ್ನ ನಂಬೋದು ಬೇಡ ಅಂತ ಕಲಿಯೋಕೆ ಸೈಕಲ್ ಲೋಕಕ್ಕೆ ಒಂದೂವರೆ ಶತಮಾನ ಬೇಕಾಯ್ತು. ಹೇಗೆ ಅಂತ ನೋಡೋಣ ಬನ್ನಿ.

(2/7) ದೊಡ್ಡ ಚಕ್ರ, ದೊಡ್ಡ ಪಲ್ಟಿ

1870ರ ದಶಕದ ಇಂಗ್ಲೆಂಡ್. ಆಗಿನ ಫ್ಯಾಶನ್ ಪೆನ್ನಿ-ಫಾರ್ದಿಂಗ್ ಸೈಕಲ್. ಮುಂದಿನ ಚಕ್ರ ಸುಮಾರು ಒಂದೂವರೆ ಮೀಟರ್ ಎತ್ತರ, ಹಿಂದಿನದು ಪುಟಾಣಿ. ಒಂದು ದೊಡ್ಡ ನಾಣ್ಯದ ಪಕ್ಕ ಒಂದು ಚಿಕ್ಕ ನಾಣ್ಯ ಇಟ್ಟ ಹಾಗೆ ಕಾಣ್ತಿದ್ದರಿಂದ ಆ ಹೆಸರು. ಅದರಲ್ಲಿ ಚೈನ್ ಇರಲಿಲ್ಲ, ಪೆಡಲ್ ನೇರವಾಗಿ ಮುಂದಿನ ಚಕ್ರಕ್ಕೇ ಸೇರಿರ್ತಿತ್ತು. ಹಾಗಾಗಿ ಚಕ್ರ ದೊಡ್ಡದಾದಷ್ಟೂ ವೇಗ ಜಾಸ್ತಿ.

ಆದ್ರೆ ಸವಾರ ಕೂರ್ತಿದ್ದದ್ದು ಆ ಚಕ್ರದ ಹೆಚ್ಚುಕಮ್ಮಿ ನೆತ್ತಿ ಮೇಲೆ. ಒಂದು ಕಲ್ಲೋ ಗುಂಡಿಯೋ ಸಿಕ್ಕಿ ಚಕ್ರ ಗಕ್ಕನೆ ನಿಂತರೆ ಇಡೀ ಸೈಕಲ್ ಮುಂದಕ್ಕೆ ಮಗುಚಿಕೊಳ್ತಿತ್ತು. ಕಾಲು ಹ್ಯಾಂಡಲ್ ಕೆಳಗೆ ಸಿಕ್ಕಿಕೊಂಡಿರ್ತಿತ್ತು, ಬಿಡಿಸಿಕೊಳ್ಳೋಕೆ ಸಮಯ ಎಲ್ಲಿ? ತಲೆ ಮೊದಲು, ಆಮೇಲೆ ಮಿಕ್ಕಿದ್ದು. ಇದು ಎಷ್ಟು ಮಾಮೂಲಾಗಿತ್ತು ಅಂದ್ರೆ ಇಂಗ್ಲಿಷಲ್ಲಿ ಆ ಬೀಳುವಿಕೆಗೆ "ಹೆಡರ್" ಅಂತ ಒಂದು ಹೆಸರೇ ಚಾಲ್ತಿಗೆ ಬಂತು.

1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಅನ್ನೋ ಸೈಕಲ್ ತಂದ್ರು. ಎರಡೂ ಚಕ್ರ ಹೆಚ್ಚುಕಮ್ಮಿ ಒಂದೇ ಅಳತೆ, ಹಿಂದಿನ ಚಕ್ರಕ್ಕೆ ಚೈನು, ನೆಲಕ್ಕೆ ಹತ್ತಿರ ಸೀಟು. ಇಂಥ ಸೈಕಲ್‌ಗಳನ್ನ ಜನ ಕರೆದ ಹೆಸರು ಕೇಳಿ: "ಸೇಫ್ಟಿ ಬೈಸಿಕಲ್". ಇವತ್ತು ನೀವು ತುಳಿಯೋದು ಅದರ ಮೊಮ್ಮಗನ್ನೇ. ಅಂದ್ರೆ ನಮ್ಮ ಸೈಕಲ್ಲಿನ ಆಕಾರವೇ ತಲೆಕೆಳಗಾಗಿ ಬಿದ್ದವರಿಂದ ಬಂದ ಬಳುವಳಿ.

(3/7) ಹೊಗೆ ಕಾರುವ ಬ್ರೇಕು

ಈಗ ತೊಂಬತ್ತು ವರ್ಷ ಮುಂದಕ್ಕೆ, ಅಮೆರಿಕದ ಕ್ಯಾಲಿಫೋರ್ನಿಯಾಗೆ ಹೋಗೋಣ. ಸ್ಯಾನ್ ಫ್ರಾನ್ಸಿಸ್ಕೋದ ಉತ್ತರಕ್ಕೆ ಮರಿನ್ ಕೌಂಟಿ ಅಂತ ಗುಡ್ಡಗಾಡು ಪ್ರದೇಶ ಇದೆ. 1970ರ ದಶಕದಲ್ಲಿ ಅಲ್ಲಿನ ಒಂದಷ್ಟು ಹುಡುಗರು 1930-40ರ ಕಾಲದ ಗುಜರಿ ಸೈಕಲ್‌ಗಳನ್ನ ಹುಡುಕಿ ತಂದು ಬೆಟ್ಟದಿಂದ ಇಳಿಸೋಕೆ ಶುರುಮಾಡಿದ್ರು. ದಪ್ಪ ಟೈರು, ಭಾರದ ಕಬ್ಬಿಣ. ಅವರು ಅದಕ್ಕಿಟ್ಟ ಹೆಸರು "ಕ್ಲಂಕರ್". ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಲಟಾರಿ.

ಆ ಲಟಾರಿಗಳಿಗೆ ಕೈಬ್ರೇಕ್ ಇರಲಿಲ್ಲ. ಪೆಡಲ್ ಹಿಂದಕ್ಕೆ ತುಳಿದ್ರೆ ಹಿಂದಿನ ಚಕ್ರದ ಹಬ್ ಒಳಗಿದ್ದ ಬ್ರೇಕ್ ಹಿಡೀತಿತ್ತು, ಅಷ್ಟೇ. ಫೇರ್‌ಫ್ಯಾಕ್ಸ್ ಊರಿನ ಹತ್ತಿರ ಒಂದು ಕಡಿದಾದ ಮಣ್ಣು ದಾರಿ ಇತ್ತು: ಸುಮಾರು 3 ಕಿ.ಮೀ. ಉದ್ದ, ಸುಮಾರು 400 ಮೀಟರ್ ಇಳಿತ. ಕೆಳಗೆ ಬರೋಷ್ಟರಲ್ಲಿ ಹಬ್ ಕಾದು ಒಳಗಿನ ಗ್ರೀಸ್ ಹೊಗೆಯಾಗಿ ಹೋಗ್ತಿತ್ತು. ಪ್ರತಿಸಲ ಬಿಚ್ಚಿ ಹೊಸ ಗ್ರೀಸ್ ತುಂಬಬೇಕು. ಹಾಗೆ ಮತ್ತೆ ತುಂಬೋದಕ್ಕೆ "ರೀಪ್ಯಾಕ್" ಅಂತಾರೆ. ಆ ದಾರಿಗೂ, ಅಲ್ಲಿನ ರೇಸಿಗೂ ಅದೇ ಹೆಸರು ಅಂಟಿಕೊಳ್ತು.

ಮೊದಲ ರೀಪ್ಯಾಕ್ ರೇಸ್ ನಡೆದದ್ದು 1976ರ ಅಕ್ಟೋಬರ್ 21ರಂದು. ಗೆದ್ದವರು ಅಲನ್ ಬಾಂಡ್ಸ್. ಅವತ್ತು ಬೀಳದೇ ಕೆಳಗೆ ಬಂದವರು ಅವರೊಬ್ಬರೇ ಅನ್ನೋದು ಈಗಲೂ ಹೇಳೋ ಕಥೆ. ಮೌಂಟನ್ ಬೈಕಿಂಗ್‌ನ ಮೊದಲ ದೊಡ್ಡ ರೇಸನ್ನ ಗೆಲ್ಲಿಸಿದ್ದು ವೇಗಕ್ಕಿಂತ ಹೆಚ್ಚಾಗಿ ಬೀಳದೇ ಇದ್ದದ್ದು! ಆಮೇಲೆ ಗ್ಯಾರಿ ಫಿಶರ್ ಅದೇ ದಾರಿಯನ್ನ 4 ನಿಮಿಷ 22 ಸೆಕೆಂಡಲ್ಲಿ ಇಳಿದು ದಾಖಲೆ ಮಾಡಿದ್ರು. ಲೆಕ್ಕ ಹಾಕಿ ನೋಡಿ, ಸರಾಸರಿ ವೇಗ ಗಂಟೆಗೆ 40 ಕಿ.ಮೀ. ದಾಟುತ್ತೆ. ಅದೂ ಹೊಗೆ ಕಾರುವ ಬ್ರೇಕ್ ಇಟ್ಕೊಂಡು.

ಆಗಿನ ಫೋಟೋಗಳಲ್ಲಿ ಅವರ ಮೈಮೇಲಿರೋದು ಜೀನ್ಸ್, ದಪ್ಪ ಅಂಗಿ, ಬೂಟು, ಕೈಗವಸು. ಬಹಳಷ್ಟು ತಲೆಗಳ ಮೇಲೆ ಹಾರಾಡ್ತಿರೋದು ಬರೀ ಉದ್ದ ಕೂದಲು.

(4/7) ಸೈಕಲ್ ಗಟ್ಟಿಯಾಯ್ತು, ದಾರಿ ಇನ್ನೂ ಕಡಿದಾಯ್ತು

ಹಳೇ ಫ್ರೇಮುಗಳು ಮುರೀತಿದ್ವು. ಅದಕ್ಕೆ ರೀಪ್ಯಾಕ್ ಸವಾರ ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕಂತಲೇ ಹೊಸ ಫ್ರೇಮ್ ಕಟ್ಟಿದ್ರು. ಆ ಮೊದಲ "ಬ್ರೀಜರ್" ಈಗ ಅಮೆರಿಕದ ಸ್ಮಿತ್ಸೋನಿಯನ್ ಮ್ಯೂಸಿಯಂ ಸೇರಿದೆ. 1981ರಲ್ಲಿ ಸ್ಟಂಪ್‌ಜಂಪರ್ ಕಾರ್ಖಾನೆಯಿಂದ ಅಂಗಡಿಗೆ ಬಂತು. 1989ರಲ್ಲಿ ರಾಕ್‌ಶಾಕ್ಸ್ ಕಂಪನಿಯ ಸಸ್ಪೆನ್ಶನ್ ಫೋರ್ಕ್ ಬಂತು. 1990ರಲ್ಲಿ ಡುರಾಂಗೋದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್, 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್. ಇಪ್ಪತ್ತೇ ವರ್ಷದಲ್ಲಿ ಗುಜರಿಯಿಂದ ಒಲಿಂಪಿಕ್ಸ್‌ಗೆ!

ಒಳ್ಳೆ ಬ್ರೇಕು, ಒಳ್ಳೆ ಸಸ್ಪೆನ್ಶನ್ ಬಂದ ಮೇಲೆ ಬೀಳೋದು ಕಮ್ಮಿ ಆಗಬೇಕಿತ್ತಲ್ವಾ? ಅಲ್ಲೇ ಇರೋದು ತಮಾಷೆ. ಸೈಕಲ್ ಕೊಟ್ಟ ಧೈರ್ಯವನ್ನೆಲ್ಲ ಜನ ವೇಗಕ್ಕೆ, ಜಿಗಿತಕ್ಕೆ ಖರ್ಚು ಮಾಡಿದ್ರು. ಮೊದಲು ಇಳಿದು ತಳ್ಕೊಂಡು ಹೋಗ್ತಿದ್ದ ಬಂಡೆ ಮೇಲಿಂದ ಈಗ ಹಾರೋಕೆ ಶುರುಮಾಡಿದ್ರು.

ಕೆನಡಾದ ವಿಸ್ಲರ್‌ನಲ್ಲಿ ದೊಡ್ಡ ಬೈಕ್ ಪಾರ್ಕ್ ಇದೆ. ಸೈಕಲ್ ಸಮೇತ ಲಿಫ್ಟಲ್ಲಿ ಮೇಲೆ ಹೋಗಿ ಇಳಿಯೋದೇ ಕೆಲಸ. 2009ರ ಒಂದೇ ಸೀಸನ್‌ನಲ್ಲಿ ಅಲ್ಲಿ ಬಿದ್ದು ಊರಿನ ಆಸ್ಪತ್ರೆಗೆ ಬಂದವರ ಸಂಖ್ಯೆ ಸುಮಾರು 900. ಮುರಿದ ಮೂಳೆಗಳಲ್ಲಿ ಹೆಚ್ಚಿನವು ಕೈ, ಮಣಿಕಟ್ಟು, ಹೆಗಲಿನವು. ಯಾಕೆ ಅಂತ ನಿಮಗೇ ಹೊಳೆಯುತ್ತೆ: ಬೀಳುವಾಗ ಯಾರಿಗಾದ್ರೂ ತಾನಾಗೇ ಕೈ ಮುಂದಕ್ಕೆ ಹೋಗುತ್ತೆ, ಇಡೀ ಮೈಭಾರ ಅಂಗೈ ಮೇಲೆ ಬೀಳುತ್ತೆ.

ಇನ್ನೊಂದು ಲೆಕ್ಕ ಇದಕ್ಕಿಂತ ಭಾರ. ವಿಸ್ಲರ್ ಇರೋದು ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ. ಅಲ್ಲಿನ ವೈದ್ಯರು 1995ರಿಂದ 2007ರವರೆಗೆ, ಮೌಂಟನ್ ಬೈಕಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರನ್ನ ಎಣಿಸಿದ್ರು. ಒಟ್ಟು 107 ಜನ, ಹೆಚ್ಚುಕಮ್ಮಿ ಎಲ್ಲರೂ ಗಂಡಸರೇ. ಅದರಲ್ಲಿ 43 ಜನಕ್ಕೆ ಬೆನ್ನುಹುರಿಗೇ ಏಟು. ಹ್ಯಾಂಡಲ್ ಮೇಲಿಂದ ತಲೆಕೆಳಗಾಗಿ ಹಾರಿ ಬಿದ್ದವರು ಇವರಲ್ಲಿ ಬಹಳ. ಅಂದ್ರೆ ಅದೇ ಹಳೇ "ಹೆಡರ್"! ಚಕ್ರ ಚಿಕ್ಕದಾದ್ರೂ ಪಲ್ಟಿ ಹೋಗಿರಲಿಲ್ಲ.

(5/7) ತಲೆ ಮೇಲಿನ ಥರ್ಮಾಕೋಲ್

1970ರ ದಶಕದವರೆಗೆ ಸೈಕಲ್ ರೇಸ್‌ನವರು ತಲೆಗೆ ಹಾಕ್ತಿದ್ದದ್ದು ಚರ್ಮದ ಪಟ್ಟಿಗಳ ಒಂದು ಬಲೆ. ತರಚು ಗಾಯ ತಡೀತಿತ್ತೇನೋ, ಪೆಟ್ಟು ತಡೀತಿರಲಿಲ್ಲ. 1975ರಲ್ಲಿ ಬೆಲ್ ಕಂಪನಿ, ಮೇಲೆ ಗಟ್ಟಿ ಚಿಪ್ಪು, ಒಳಗೆ ಥರ್ಮಾಕೋಲ್ ಇರೋ ಹೆಲ್ಮೆಟ್ ಮಾರಾಟಕ್ಕೆ ತಂತು. ಹೌದು, ಟಿವಿ ಡಬ್ಬದೊಳಗೆ ಬರೋ ಬಿಳಿ ಥರ್ಮಾಕೋಲಿನ ಜಾತಿಯದ್ದೇ.

ಅದರ ಕೆಲಸ ಗಟ್ಟಿಯಾಗಿ ನಿಲ್ಲೋದಲ್ಲ, ಪುಡಿಯಾಗೋದು. ಅದು ಜಜ್ಜಿಹೋಗೋ ಆ ಕ್ಷಣಾರ್ಧದಲ್ಲಿ ತಲೆ ಸ್ವಲ್ಪ ನಿಧಾನವಾಗಿ ನಿಲ್ಲುತ್ತೆ, ಮಿದುಳಿಗೆ ಏಟು ಕಮ್ಮಿ ಬೀಳುತ್ತೆ. ಒಂದು ಸಲ ಜಜ್ಜಿದ ಥರ್ಮಾಕೋಲ್ ಮತ್ತೆ ಉಬ್ಬಲ್ಲ. ಆದ್ದರಿಂದ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿಂದ ಹೊಸದರ ಹಾಗೆ ಕಂಡ್ರೂ ಅದರ ಆಯಸ್ಸು ಮುಗೀತು. ಅಣ್ಣನ ಹಳೇ ಹೆಲ್ಮೆಟ್ ಹಾಕ್ಕೊಳ್ಳೋ ಮುಂಚೆ ಅಣ್ಣ ಅದರಲ್ಲಿ ಬಿದ್ದಿದ್ನಾ ಕೇಳಿ.

ಆದ್ರೂ ದೊಡ್ಡ ದೊಡ್ಡ ರೋಡ್ ರೇಸರ್‌ಗಳೇ ವರ್ಷಗಟ್ಟಲೆ ಹೆಲ್ಮೆಟ್ ಬೇಡ ಅಂದ್ರು. 2003ರ ಮಾರ್ಚ್‌ನಲ್ಲಿ, ಫ್ರಾನ್ಸ್‌ನ ಪ್ಯಾರಿಸ್-ನೀಸ್ ರೇಸ್‌ನಲ್ಲಿ ಕಜಕಸ್ತಾನದ ಆಂದ್ರೇ ಕಿವಿಲೆವ್ ಬಿದ್ರು. ತಲೆ ಮೇಲೆ ಹೆಲ್ಮೆಟ್ ಇರಲಿಲ್ಲ. ಮಾರನೇ ದಿನ ತೀರಿಕೊಂಡ್ರು. ಕೆಲವೇ ವಾರಗಳಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ಆ ರೇಸ್‌ಗಳಿಗೂ ಹೆಲ್ಮೆಟ್ ಕಡ್ಡಾಯ ಮಾಡ್ತು. 1975ರಲ್ಲೇ ವಸ್ತು ಸಿದ್ಧ ಇತ್ತು, ನಿಯಮ ಬರೋಕೆ 28 ವರ್ಷ ಹಿಡೀತು. ಆ 28 ವರ್ಷ ಅಡ್ಡ ಬಂದಿದ್ದೇನು? ಸೆಖೆ, ಅಭ್ಯಾಸ, ಮತ್ತೆ ಅದೇ ಮೀಸೆ.

(6/7) ಎರಡು ಮೂಳೆಗಳ ಕಥೆ

ಈಜಿಪ್ಟ್‌ನಲ್ಲಿ ಸಿಕ್ಕ, ಕ್ರಿ.ಪೂ. 1600ರ ಸುಮಾರಿನ ಎಡ್ವಿನ್ ಸ್ಮಿತ್ ಪಪೈರಸ್ ಅನ್ನೋ ಸುರುಳಿಯಲ್ಲಿ 48 ಪೆಟ್ಟುಗಳ ವಿವರ ಇದೆ. ಅದರಲ್ಲಿ ಕಾಲರ್‌ಬೋನ್ ಮುರಿತವೂ ಇದೆ, ಕುತ್ತಿಗೆ ಮೂಳೆ ಜಾರಿ ಕೈಕಾಲು ಸ್ವಾಧೀನ ತಪ್ಪಿದವನ ವಿವರವೂ ಇದೆ. ಮೊದಲನೆಯದಕ್ಕೆ ಚಿಕಿತ್ಸೆ ಮಾಡಬಹುದು ಅಂತ ಬರೆದಿದ್ದಾರೆ. ಎರಡನೆಯದಕ್ಕೆ ಚಿಕಿತ್ಸೆ ಇಲ್ಲ ಅಂತ.

ಕಾಲರ್‌ಬೋನ್ ಅಂದ್ರೆ ಕುತ್ತಿಗೆ ಬುಡದಿಂದ ಹೆಗಲವರೆಗೆ ಅಡ್ಡಕ್ಕಿರೋ ಮೂಳೆ, ಸೈಕಲ್‌ನವರು ಮುರ್ಕೊಳ್ಳೋ ಫೇವರಿಟ್ ಮೂಳೆ. 1702ರಲ್ಲಿ ಇಂಗ್ಲೆಂಡಿನ ರಾಜ ಮೂರನೇ ವಿಲಿಯಂ ಕುದುರೆಯಿಂದ ಬಿದ್ದು ಇದನ್ನೇ ಮುರ್ಕೊಂಡ, ಆಮೇಲೆ ಕಾಯಿಲೆ ಬಿಗಡಾಯಿಸಿ ಸತ್ತೇಹೋದ. 2021ರಲ್ಲಿ ಅದೇ ಇಂಗ್ಲೆಂಡಿನ ಟಾಮ್ ಪಿಡ್‌ಕಾಕ್‌ಗೆ ಪ್ರಾಕ್ಟೀಸ್ ಮಾಡುವಾಗ ಕಾರ್ ಗುದ್ದಿ ಕಾಲರ್‌ಬೋನ್ ಮುರೀತು. ಆಪರೇಶನ್ ಆಗಿ ಸುಮಾರು ಎರಡು ತಿಂಗಳಲ್ಲಿ ಟೋಕಿಯೋ ಒಲಿಂಪಿಕ್ಸ್ ಮೌಂಟನ್ ಬೈಕ್ ಚಿನ್ನ ಗೆದ್ದರು! ರಾಜನಿಗೆ ಸಿಗದ ಭಾಗ್ಯ.

ಬೆನ್ನುಹುರಿಯ ಕಥೆ ಇಷ್ಟು ಸುಲಭ ಅಲ್ಲ. 2007ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ರೇಸರ್ ತಾರಾ ಲ್ಯಾನೆಸ್ ಕೊಲರಾಡೋದ ಒಂದು ಸ್ಪರ್ಧೆಯಲ್ಲಿ ಬಿದ್ದರು, ಸೊಂಟದ ಕೆಳಗೆ ಸ್ವಾಧೀನ ಹೋಯ್ತು. ತುಂಡಾದ ಬೆನ್ನುಹುರಿಯನ್ನ ಮೊದಲಿನ ಹಾಗೆ ಮಾಡೋ ವಿದ್ಯೆ ಇವತ್ತಿಗೂ ನಮ್ಮ ಹತ್ತಿರ ಇಲ್ಲ. ಬದಲಾಗಿರೋದು ಆಮೇಲಿನ ಬದುಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ವಿಭಾಗ ಶುರುಮಾಡಿದ ಡಾ. ಲುಡ್ವಿಗ್ ಗಟ್‌ಮನ್, ರೋಗಿಗಳನ್ನ ಮಲಗಿಸಿಡೋ ಬದಲು ಆಟಕ್ಕಿಳಿಸಿದ್ರು. 1948ರಲ್ಲಿ ಅವರು ನಡೆಸಿದ ಪುಟ್ಟ ಸ್ಪರ್ಧೆಯೇ ಬೆಳೆದು ಪ್ಯಾರಾಲಿಂಪಿಕ್ಸ್ ಆಯ್ತು. ತಾರಾ ಲ್ಯಾನೆಸ್ ಕೆನಡಾ ಪರವಾಗಿ ವ್ಹೀಲ್‌ಚೇರ್ ಬಾಸ್ಕೆಟ್‌ಬಾಲ್ ಆಡಿದ್ದು ಅದೇ ಪ್ಯಾರಾಲಿಂಪಿಕ್ಸ್‌ನಲ್ಲಿ, ಟೋಕಿಯೋದಲ್ಲಿ.

(7/7) "ಏನೂ ಆಗಿಲ್ಲ"

ಮೂಳೆ ಮುರಿದ್ರೆ ಎಕ್ಸ್-ರೇಯಲ್ಲಿ ಕಾಣುತ್ತೆ. ಕನ್ಕಶನ್ ಅಂದ್ರೆ ಮಿದುಳು ಅಲುಗಾಡಿ ಆಗೋ ಪೆಟ್ಟು, ಮಾಮೂಲಿ ಸ್ಕ್ಯಾನ್‌ನಲ್ಲೂ ಬಹಳ ಸಲ ಕಾಣಲ್ಲ. ಬಿದ್ದವನು ಎದ್ದು ನಿಲ್ತಾನೆ, ಮಾತಾಡ್ತಾನೆ, ಸೈಕಲ್ ಕೂಡ ಹತ್ತುತ್ತಾನೆ. ಅದಕ್ಕೇ ಇದನ್ನ ಒಪ್ಪಿಕೊಳ್ಳೋಕೆ ಎಲ್ಲಕ್ಕಿಂತ ತಡವಾಯ್ತು.

ಇದು ಜಗತ್ತಿಗೆ ಅರ್ಥ ಆಗಿದ್ದು ನಿಮಗಿಂತ ಚಿಕ್ಕ ಹುಡುಗನೊಬ್ಬನಿಂದ. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, 13 ವರ್ಷದ ಜ್ಯಾಕರಿ ಲಿಸ್ಟೆಡ್ ಶಾಲೆಯ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ತಲೆಗೆ ಪೆಟ್ಟು ತಿಂದ. ಸ್ವಲ್ಪ ಹೊತ್ತು ಕೂತು ಮತ್ತೆ ಆಡೋಕಿಳಿದ. ಪಂದ್ಯ ಮುಗಿದ ಮೇಲೆ ಕುಸಿದು ಬಿದ್ದ, ಮಿದುಳಲ್ಲಿ ರಕ್ತಸ್ರಾವ. ಜೀವ ಉಳೀತು, ಆದ್ರೆ ಮಾತು, ನಡಿಗೆ ಎಲ್ಲ ಮತ್ತೆ ಮೊದಲಿಂದ ಕಲಿಯಬೇಕಾಯ್ತು. 2009ರಲ್ಲಿ ಆ ರಾಜ್ಯ ಅವನ ಹೆಸರಲ್ಲೇ ಕಾನೂನು ತಂತು: ಕನ್ಕಶನ್ ಅನುಮಾನ ಬಂದ ಹುಡುಗರನ್ನ ಆಟದಿಂದ ಹೊರಗಿಡಬೇಕು, ತಿಳಿದವರು ಪರೀಕ್ಷೆ ಮಾಡಿ ಒಪ್ಪಿಗೆ ಬರೆದುಕೊಟ್ಟ ಮೇಲೇ ವಾಪಸ್. 2021ರಿಂದ ಯುಸಿಐ ಕೂಡ ಮೌಂಟನ್ ಬೈಕ್ ಸೇರಿ ಎಲ್ಲ ವಿಭಾಗಕ್ಕೂ ಕನ್ಕಶನ್ ನಿಯಮ ಮಾಡಿದೆ.

ಈ ನಿಯಮಗಳ ತಿರುಳು ಗಮನಿಸಿ. ತೀರ್ಮಾನ ಬಿದ್ದವನ ಕೈಯಲ್ಲಿಲ್ಲ. ಪೆಟ್ಟು ತಿಂದ ಮಿದುಳನ್ನೇ "ಪೆಟ್ಟಾಗಿದ್ಯಾ?" ಅಂತ ಕೇಳಿದ್ರೆ ಸರಿಯಾದ ಉತ್ತರ ಎಲ್ಲಿಂದ ಬರಬೇಕು? ಆದ್ದರಿಂದ ಗುಡ್ಡದಲ್ಲಿ ಫ್ರೆಂಡ್ ಬಿದ್ದಾಗ ಆ ಜವಾಬ್ದಾರಿ ನಿಮ್ಮದು. ಈ ಪೋಸ್ಟ್ ಸೇವ್ ಮಾಡ್ಕೊಳ್ಳಿ:

▪️ ಕುತ್ತಿಗೆ ಅಥವಾ ಬೆನ್ನು ನೋವು, ಕೈಕಾಲು ಜೋಮು ಅಂದ್ರೆ ಎಬ್ಬಿಸಬೇಡಿ, ಹೆಲ್ಮೆಟ್ ಎಳೀಬೇಡಿ. ಅಲ್ಲಾಡದ ಹಾಗೆ ಮಲಗಿರಲಿ, 108ಕ್ಕೆ ಫೋನ್ ಮಾಡಿ. ಸ್ಕೂಟರ್‌ನಲ್ಲಿ ಇಬ್ಬರ ಮಧ್ಯೆ ಕೂರಿಸ್ಕೊಂಡು ಹೋಗೋದು ಬೇಡವೇ ಬೇಡ.
▪️ ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.
▪️ ತಲೆಗೆ ಏಟು ಬಿದ್ದು ತಲೆಸುತ್ತು, ಗೊಂದಲ, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳೋದು ಕಂಡ್ರೆ ಅವತ್ತಿನ ಸವಾರಿ ಮುಗೀತು. ಡಾಕ್ಟರಿಗೆ ತೋರಿಸಿ, ಮನೇಲಿ ಒಬ್ಬನೇ ಬಿಡಬೇಡಿ.
▪️ ತಲೆನೋವು ಏರ್ತಾ ಹೋದ್ರೆ, ಪದೇ ಪದೇ ವಾಂತಿ ಆದ್ರೆ, ಎಬ್ಬಿಸಿದ್ರೂ ಸರಿಯಾಗಿ ಏಳದಿದ್ರೆ, ಫಿಟ್ಸ್ ಬಂದ್ರೆ ಕಾಯಬೇಡಿ, ನೇರ ಎಮರ್ಜೆನ್ಸಿಗೆ.

ಮೀಸೆ ಮಣ್ಣಾದ್ರೆ ತೊಳ್ಕೊಬಹುದು ಕಣ್ರೋ. ನಿಮ್ಮ ಜೊತೆ ಗುಡ್ಡಕ್ಕೆ ಬರೋ ಒಬ್ಬರನ್ನ ಇಲ್ಲಿ ಟ್ಯಾಗ್ ಮಾಡಿ. ನೀವು ಬಿದ್ದಾಗ ನಿಮ್ಮ ಮಾತು ನಂಬದೇ ಕೂರಿಸಬೇಕಾದವರು ಅವರೇ.

#ಸೈಕಲ್‌ಇತಿಹಾಸ #ಮೌಂಟನ್‌ಬೈಕ್ #ಕನ್ನಡದಲ್ಲಿಇತಿಹಾಸ