ಮಡುವನ್ನು ಬಲ್ಲವರು

ಕುಣಿಗಲ್ಲಿನ ದೊಡ್ಡಕೆರೆಯ ಏರಿಯ ಮೇಲೆ ಸಂಜೆಯ ಹೊತ್ತು ನಡೆದುಹೋಗುವವನಿಗೆ, ಆ ಕೆರೆಯನ್ನು ಕನ್ನಡನಾಡಿಗೆಲ್ಲ ಪರಿಚಯ ಮಾಡಿಸಿದ ಜನಪದಗೀತದ ಧಾಟಿ ನೆನಪಾಗುವುದು ಸಹಜವೇ. ಆದರೆ ಕಣ್ಣಿಗೆ ಮೊದಲು ಬೀಳುವುದು ಆ ಹಾಡಿನ ಚಂದ್ರೋದಯವಲ್ಲ, ನೀರಂಚಿನ ಕಲ್ಲುಗಳ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಗಾಳ ಹಾಕಿರುವ ನಾಲ್ಕಾರು ಮಂದಿ. ಅವರ ಸಲಕರಣೆ ಅತ್ಯಲ್ಪ: ಆಳುದ್ದದ ಒಂದು ಬಿದಿರುಕಡ್ಡಿ, ನೈಲಾನ್ ದಾರ, ಸವೆದ ರಬ್ಬರ್ ಚಪ್ಪಲಿಯಿಂದ ಹೆಬ್ಬೆರಳಿನ ಗಾತ್ರಕ್ಕೆ ಕತ್ತರಿಸಿದ ಬೆಂಡು, ಹಸಿಮಣ್ಣು ತುಂಬಿದ ಡಬ್ಬದಲ್ಲಿ ಮಿಸುಕಾಡುವ ಎರೆಹುಳು. ಗಾಳಕ್ಕೆ ಚುಚ್ಚುವ ಆಹಾರಕ್ಕೆ ನಮ್ಮ ಹಳೆಯ ನುಡಿಯಲ್ಲಿ ‘ಎರೆ’ ಎಂದೇ ಹೆಸರು. ಇಂದು ರೈತನ ಮಿತ್ರನೆಂದು ಗೊಬ್ಬರದ ಗುಂಡಿಯಲ್ಲಿ ಸನ್ಮಾನ ಪಡೆಯುತ್ತಿರುವ ಆ ಬಡಪ್ರಾಣಿಗೆ ಹೆಸರು ಬಂದದ್ದು ಮೀನಿನ ಬಾಯಿಯಿಂದಲೇ ಎಂದು ನನ್ನ ಎಣಿಕೆ.

ಕೆರೆಯ ಮೀನು ಹಿಡಿಯುವುದು ಈ ಸೀಮೆಯಲ್ಲಿ ಬಹುಕಾಲದಿಂದ ಬೆಸ್ತರ, ಗಂಗಾಮತಸ್ಥರ ಕಸುಬು. ಬೀಸುಬಲೆಯನ್ನು ಮೊಣಕೈಯ ಮೇಲೆ ಮಡಿಚಿ ಹಾಕಿಕೊಂಡು, ಅಂಚಿನ ಗುಂಡುಗಳೆಲ್ಲ ಏಕಕಾಲದಲ್ಲಿ ನೀರನ್ನು ಮುಟ್ಟುವಂತೆ ಅದನ್ನು ವೃತ್ತಾಕಾರವಾಗಿ ಬಿಚ್ಚಿ ಎಸೆಯುವುದು ನೋಡುವವನಿಗೆ ಆಟದಂತೆ ಕಂಡರೂ, ಕೈಗೆ ಹತ್ತುವುದಕ್ಕೆ ಬಾಲ್ಯದಿಂದಲೇ ಆರಂಭಿಸಬೇಕಾದ ವಿದ್ಯೆ. ಗೆಂಡೆ, ಕೊರವ, ಬಾಳೆ, ಗಿರ್ಲುಗಳು ಹಿಂದಿನಿಂದ ಇದ್ದವು; ಕಾಟ್ಲಾ, ರೋಹುಗಳು ಬಿತ್ತನೆಯ ಮರಿಗಳಾಗಿ ಬಂದವು; ಜಿಲೇಬಿ ಮೀನು ಯಾರ ಆಮಂತ್ರಣಕ್ಕೂ ಕಾಯದೆ ಎಲ್ಲ ಕೆರೆಗಳಲ್ಲಿಯೂ ಸಂಸಾರ ಹೂಡಿತು. ಕೆರೆಯ ಮೀನಿಗೆ ಗುತ್ತಿಗೆಯುಂಟು, ಗುತ್ತಿಗೆದಾರನುಂಟು, ಅವನ ಕಣ್ಣು ತಪ್ಪಿಸಿ ಗಾಳ ಹಾಕುವ ಹುಡುಗರೂ ಉಂಟು. ಆದರೆ ಒಬ್ಬನು ಹಣ ಕೊಟ್ಟು, ಇನ್ನೊಬ್ಬನಿಂದ ‘ಮೀನು ಇಲ್ಲಿದೆ’ ಎಂದು ತೋರಿಸಿಕೊಂಡು, ಹಿಡಿದ ಸಂತೋಷವನ್ನು ಮಾತ್ರ ತಾನು ಮನೆಗೆ ಒಯ್ಯುವ ಆ ವಿಚಿತ್ರವಾದ ವ್ಯವಹಾರ ಕೆರೆಯಲ್ಲಿ ಹುಟ್ಟಲಿಲ್ಲ. ಅದನ್ನು ಕಾಣಬೇಕಾದರೆ ಕುಣಿಗಲ್ ಸೀಮೆಯ ನೀರಿನ ಜೊತೆಯಲ್ಲಿಯೇ ಇಳಿದುಹೋಗಬೇಕು.

ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಶಿಂಷಾ ನದಿಯು ಗುಬ್ಬಿ ತಾಲ್ಲೂಕಿನ ಕಡಬದಲ್ಲಿ, ಸೀತಾದೇವಿಯ ಇಚ್ಛೆಯಂತೆ ಶ್ರೀರಾಮನು ಕಟ್ಟಿಸಿದನೆಂದು ಜನ ನಂಬುವ ಕೆರೆಯನ್ನು ತುಂಬಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಅಣೆಕಟ್ಟಿಗೆ ತಲೆಕೊಟ್ಟು, ನೀರು ಮಟ್ಟ ಮೀರಿದೊಡನೆ ಮನುಷ್ಯನ ಕೈ ಸೋಕದೆ ತಾನಾಗಿ ಹರಿಯತೊಡಗುವ ಅಲ್ಲಿನ ಸೈಫನ್ನುಗಳ ಮೂಲಕ ಹೊರಬಿದ್ದು, ಮದ್ದೂರನ್ನು ದಾಟಿ, ಮಳವಳ್ಳಿಯ ಕಡೆ ಜಲಪಾತವಾಗಿ ಧುಮುಕಿ ಕಾವೇರಿಯನ್ನು ಸೇರುತ್ತದೆ. ಆ ಸಂಗಮದಿಂದ ಕೆಳಕ್ಕೆ, ಮುತ್ತತ್ತಿ, ದೊಡ್ಡಮಾಕಳಿ, ಭೀಮೇಶ್ವರಿ, ಗಾಳಿಬೋರೆಗಳವರೆಗೆ, ಕಾಡು ಎರಡು ದಡಗಳನ್ನೂ ಒತ್ತಿಕೊಂಡು ಬರುವ ಹರಿವಿನಲ್ಲಿ, ಬಂಡೆಗಳ ನಡುವೆ ಆಳವಾದ ಮಡುಗಳಿವೆ. ಮಹಸೀರ್ ಎಂದು ಲೋಕವೆಲ್ಲ ಕರೆಯುವ, ನಮ್ಮ ನದೀತೀರದವರು ಬಿಳಿಮೀನು ಎನ್ನುವ ಮಹಾಮತ್ಸ್ಯದ ನೆಲೆ ಅದು.

ಮೀನು ಹಿಡಿಯುವುದನ್ನು ವಿನೋದವೆಂದು ಗಣಿಸುವ ಪದ್ಧತಿಯನ್ನು ಆಂಗ್ಲರು ತಂದರೆಂದು ಭಾವಿಸುವವರು ಹಲವರಿದ್ದಾರೆ. ಅದು ಸರಿಯಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ರಾಜನಿಗೆ ಉಚಿತವಾದ ವಿನೋದಗಳನ್ನು ಹೇಳುವ ಭಾಗದೊಳಗೆ ‘ಮತ್ಸ್ಯವಿನೋದ’ವೆಂಬ ಪ್ರಕರಣವೇ ಇದೆ, ಮೀನಿನ ಜಾತಿಗಳೇನು, ಯಾವುದಕ್ಕೆ ಯಾವ ಆಹಾರ ಹಿತ, ಗಾಳದ ಕೋಲು ಮತ್ತು ದಾರಗಳು ಹೇಗಿರತಕ್ಕದ್ದು ಎಂಬುದನ್ನೆಲ್ಲ ಆ ದೊರೆಯು ಅರಮನೆಯ ಅಡುಗೆಯನ್ನು ವರ್ಣಿಸಿದಷ್ಟೇ ಶ್ರದ್ಧೆಯಿಂದ ಬರೆದಿದ್ದಾನೆ. ಮತ್ಸ್ಯಶಾಸ್ತ್ರಜ್ಞರಾದ ಸುಂದರ್ ಲಾಲ್ ಹೋರಾ ಅವರು 1951ರಲ್ಲಿ ಈ ಪ್ರಕರಣವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಅದರ ವಿವರಗಳನ್ನು ನೋಡಿದಾಗಲೆಲ್ಲ ನನಗೆ ಒಂದು ಸಂದೇಹ ಬರುತ್ತದೆ: ಇಷ್ಟು ಸೂಕ್ಷ್ಮವಾದ ಸಂಗತಿಗಳನ್ನು ಸಿಂಹಾಸನದ ಮೇಲೆ ಕುಳಿತವನು ಸ್ವಂತ ಅನುಭವದಿಂದ ಅರಿತಿರಲಾರ, ಅವನ ಪಕ್ಕದಲ್ಲಿ, ನೀರಿನಲ್ಲಿ ಮೊಳಕಾಲವರೆಗೆ ಇಳಿದು ನಿಂತು, ಒಬ್ಬ ಬೆಸ್ತನು ಪಿಸುಮಾತಿನಲ್ಲಿ ಹೇಳಿಕೊಡುತ್ತಿದ್ದಿರಬೇಕು.

ಆಂಗ್ಲರ ಕಾಲದಲ್ಲಿ ಈ ವಿದ್ಯೆಗೆ ಮತ್ತೊಂದು ಗ್ರಂಥ ದೊರೆತುದೂ ನಮ್ಮ ನಾಡಿನಿಂದಲೇ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು, ಜಿಲ್ಲೆಯ ಮೀನುಸಾಕಣೆಯನ್ನು ಕುರಿತು 1870ರಲ್ಲಿ ವರದಿಯನ್ನು ಬರೆದು, 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವನ್ನು ಮಂಗಳೂರಿನಲ್ಲಿ ಅಚ್ಚುಹಾಕಿಸಿದನು. ಗಾಳದ ಮೀನುಗಳಲ್ಲಿ ಮಹಸೀರಿಗೆ ಸಮನಾದುದಿಲ್ಲವೆಂಬ ಭಾವನೆ ಅಲ್ಲಿಂದ ಬೇರೂರಿತು. ರಜೆ ಸಿಕ್ಕಿದ ಸೈನ್ಯಾಧಿಕಾರಿಗಳು, ತೋಟದ ದೊರೆಗಳು ಕಾವೇರಿಯ ಕಡೆ ಹೊರಟರು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬ ಸೇನಾಧಿಕಾರಿ ಕಾವೇರಿಯಲ್ಲಿ 119 ಪೌಂಡಿನ ಮೀನನ್ನು ಎಳೆದನು. ಹುಲಿ ಚಿರತೆಗಳ ಚರ್ಮವನ್ನು ಹದಮಾಡಿ ಜೀವಂತವೆಂಬಂತೆ ನಿಲ್ಲಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿವೆಟ್ ವ್ಯಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನದನ್ನು, ಎಂದರೆ ಐವತ್ತನಾಲ್ಕು ಕಿಲೋಗ್ರಾಮಿನದನ್ನು, ದಡಕ್ಕೆ ತಂದನು. ಗಾಳದವರ ಪುಸ್ತಕಗಳಲ್ಲಿ ಈ ಎರಡು ಹೆಸರುಗಳೂ ಮತ್ತೆ ಮತ್ತೆ ಬರುತ್ತವೆ. ಹರಿಗೋಲಿಗೆ ಹುಟ್ಟು ಹಾಕಿದವನ ಹೆಸರು ಯಾವ ಪುಟದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ. ಬೇಟೆಯ ಚರಿತ್ರೆಯೆಲ್ಲ ಹೀಗೆಯೇ ಬರೆಯಲ್ಪಟ್ಟಿದೆಯೆಂದು ಸಮಾಧಾನ ಹೇಳಬಹುದು; ನನಗೆ ಆ ಸಮಾಧಾನ ಸಾಲದು.

ಇದೇ ಕಾಲದಲ್ಲಿ ಅಮೆರಿಕದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯಬಹುದು. ಅಲ್ಲಿನ ಅಟ್ಲಾಂಟಿಕ್ ಕರಾವಳಿಯಲ್ಲಿ, ಮೈಮೇಲೆ ಕಪ್ಪುಪಟ್ಟೆಗಳುಳ್ಳ ಬಾಸ್ ಎಂಬ ಮೀನು ಸಮುದ್ರದಲ್ಲಿ ಬೆಳೆದು ಮೊಟ್ಟೆಯಿಡಲು ನದಿಗಳನ್ನು ಏರುತ್ತದೆ. 1941ರಲ್ಲಿ ದಕ್ಷಿಣ ಕೆರೊಲಿನಾದ ಸ್ಯಾಂಟೀ ಮತ್ತು ಕೂಪರ್ ನದಿಗಳಿಗೆ ಕಟ್ಟೆ ಹಾಕಿದಾಗ, ಸಮುದ್ರದ ದಾರಿ ಕಡಿದುಹೋದ ಮೀನುಗಳು ನಾಶವಾಗುವುದಕ್ಕೆ ಬದಲಾಗಿ ಆ ಸಿಹಿನೀರಿನಲ್ಲಿಯೇ ವಂಶವನ್ನು ಬೆಳೆಸಿದವು. ಅಲ್ಲಿಂದ ಮರಿಗಳು ಒಳನಾಡಿನ ಎಷ್ಟೋ ಸರೋವರಗಳಿಗೆ ಹೋದವು, ದೋಣಿಯುಳ್ಳ ಸ್ಥಳೀಯನೊಬ್ಬನು ದಿನಕ್ಕಿಷ್ಟೆಂದು ಹಣ ಪಡೆದು ಪಟ್ಟಣಿಗರನ್ನು ಮೀನಿರುವಲ್ಲಿಗೆ ಕರೆದೊಯ್ಯುವ ‘ಗೈಡು’ಗಳ ವೃತ್ತಿಯೂ ಬೆಳೆಯಿತು. ನಮ್ಮ ಕಾವೇರಿಗೆ ಆ ಅದೃಷ್ಟವಿರಲಿಲ್ಲ. 1934ರಲ್ಲಿ ಮೆಟ್ಟೂರಿನ ಕಟ್ಟೆ ಎದ್ದಮೇಲೆ, ಸಮುದ್ರದಿಂದ ನದಿಗೆ ಬರುತ್ತಿದ್ದ ಹಿಲ್ಸಾ ಮೀನು ವಿರಳವಾಯಿತು. ಮಹಸೀರೂ ಕಟ್ಟೆಗಳ ನಡುವೆ ಉಳಿದ ತುಂಡು ಹರಿವುಗಳಿಗೆ ಸೀಮಿತವಾಯಿತು.

ಸ್ವಾತಂತ್ರ್ಯಾನಂತರ ಮೂರು ದಶಕಗಳ ಕಾಲ, ತೋಟೆ ಹಾಕಿ ಮಡುವಿಗೆ ಮಡುವನ್ನೇ ಕೊಲ್ಲುವವರ ಹಾವಳಿಯಲ್ಲಿ ಈ ಮೀನು ಮುಗಿದೇಹೋಯಿತೆಂದು ಹೊರಗಿನವರು ತಿಳಿದಿದ್ದರು. 1977–78ರಲ್ಲಿ ಇಂಗ್ಲೆಂಡಿನ ಮೂವರು ಗಾಳಗಾರರು ಭಾರತದ ನದಿಗಳನ್ನು ಸುತ್ತುತ್ತ ಕಾವೇರಿಗೆ ಬಂದು, ಅದು ಮುಗಿದಿಲ್ಲವೆಂಬುದನ್ನು ಕಂಡುಕೊಂಡರು. ‘ಕಂಡುಕೊಂಡರು’ ಎಂಬ ಮಾತನ್ನು ಮುತ್ತತ್ತಿಯ ಅಂಬಿಗನು ಕೇಳಿದ್ದರೆ ನಕ್ಕುಬಿಡುತ್ತಿದ್ದನು. 1980ರಲ್ಲಿ ಸ್ಥಾಪಿತವಾದ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಆಮೇಲೆ ಭೀಮೇಶ್ವರಿ ಮೊದಲಾದೆಡೆಗಳಲ್ಲಿ ಗಾಳದವರಿಗಾಗಿ ಬಿಡಾರಗಳನ್ನು ಹೂಡಿತು. 1972ರಲ್ಲಿ ಹುಟ್ಟಿದ ದಕ್ಷಿಣ ಭಾರತದ ವನ್ಯಜೀವಿ ಸಂಘವೂ ನದಿಯ ಒಂದು ಭಾಗವನ್ನು ಗುತ್ತಿಗೆ ಪಡೆದು ಕಾವಲಿಟ್ಟಿತು. ಹಿಂದೆ ಕದ್ದು ಮೀನು ಹೊಡೆಯುತ್ತಿದ್ದವರಲ್ಲಿ ಕೆಲವರೇ ಸಂಬಳದ ಕಾವಲುಗಾರರೂ ಮಾರ್ಗದರ್ಶಕರೂ ಆದದ್ದು ಈ ಚರಿತ್ರೆಯ ಅತ್ಯಂತ ರಸವತ್ತಾದ ಅಧ್ಯಾಯ. ಸ್ಕಾಟ್ಲೆಂಡಿನ ಮಾತನ್ನು ಎರವಲು ತಂದು ಅವರನ್ನು ‘ಗಿಲ್ಲಿ’ ಎಂದು ಕರೆದರು.

ಆ ಗಿಲ್ಲಿಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡತಕ್ಕದ್ದು. ಮಾಘ ಫಾಲ್ಗುಣಗಳಲ್ಲಿ ನದಿ ಇಳಿದು ಬಂಡೆಗಳು ತಲೆಯೆತ್ತಿದಾಗ, ಅವನು ಬೆಳಗಿನ ಜಾವಕ್ಕೆ ಎದ್ದು, ರಾಗಿಹಿಟ್ಟನ್ನು ಗಟ್ಟಿಯಾಗಿ ಕಲಸಿ, ನಿಂಬೆಹಣ್ಣಿನ ಗಾತ್ರದಿಂದ ಹಿಡಿದು ಕಿತ್ತಳೆಯ ಗಾತ್ರದವರೆಗೆ ಉಂಡೆ ಕಟ್ಟಿ ಬೇಯಿಸುತ್ತಿದ್ದನು; ವಾಸನೆಗೆಂದು ಅದಕ್ಕೆ ಏನನ್ನು ಸೇರಿಸಿದನೆಂಬುದು ಅವನ ಮನೆಯ ಗುಟ್ಟು. ನಮ್ಮ ತುಮಕೂರು ಸೀಮೆಯವರ ಎರಡು ಹೊತ್ತಿನ ಅನ್ನವೇ ಆ ಮಹಾಮತ್ಸ್ಯಕ್ಕೂ ಪ್ರಿಯವೆಂಬುದರಲ್ಲಿ ನನಗೆ ಸ್ವಲ್ಪ ಅಭಿಮಾನವೂ ಉಂಟು. ಹರಿಗೋಲನ್ನು ಸುಳಿಯ ಅಂಚಿಗೆ ತಂದು, ಸಾವಿರಾರು ರೂಪಾಯಿಗಳ ವಿದೇಶೀ ಕೋಲಿನ ತುದಿಯ ಗಾಳವನ್ನು ತನ್ನ ಅಂಗೈಯಲ್ಲಿಟ್ಟು, ಅದು ಕಾಣದಂತೆ ಮುದ್ದೆಯನ್ನು ಒತ್ತಿ, ನೀರೊಳಗಿನ ಯಾವ ಬಂಡೆಯ ಯಾವ ಪಕ್ಕಕ್ಕೆ ಅದು ಬೀಳಬೇಕೆಂದು ಗದ್ದವೆತ್ತಿ ತೋರಿಸುತ್ತಿದ್ದನು. ದಾರವನ್ನು ಬೆರಳಿಗೆ ಸುತ್ತಿಕೊಂಡು ಕುಳಿತರೆ, ಸಣ್ಣ ಮೀನು ಕುಟುಕಿದ್ದೋ ಏಡಿ ಜಗ್ಗಿದ್ದೋ ಎಂಬುದು ಅವನಿಗೆ ತಿಳಿಯುತ್ತಿತ್ತು. ದೊಡ್ಡದು ಬಾಯಿಹಾಕಿದಾಗ ರಾಟೆಯು ಕಿರುಗುಟ್ಟುತ್ತ ನೂರು ಗಜ ದಾರವನ್ನು ಕ್ಷಣಮಾತ್ರದಲ್ಲಿ ಬಿಡುತ್ತಿತ್ತು. ಬಂಡೆಗೆ ದಾರ ತಗುಲಿಕೊಂಡರೆ ಮೊಸಳೆಯಿರುವ ನೀರಿಗೆ ಧುಮುಕಿ ಬಿಡಿಸುತ್ತಿದ್ದವನೂ ಅವನೇ. ಕೊನೆಗೆ ಅತಿಥಿಯ ಚಿತ್ರ ತೆಗೆದು, ಮೀನನ್ನು ಹರಿವಿಗೆ ಮುಖಮಾಡಿ ಹಿಡಿದು, ಅದು ಚೇತರಿಸಿಕೊಂಡು ಬಾಲ ಬೀಸುವವರೆಗೆ ಕಾದು, ಬಿಟ್ಟುಬಿಡಬೇಕಾಗಿತ್ತು. ಹಿಡಿದದ್ದನ್ನು ಕೊಲ್ಲಕೂಡದೆಂಬುದು ಬಿಡಾರದ ಕಟ್ಟಳೆಯಾಗಿತ್ತು. ಹಿಡಿದ ಮೀನನ್ನು ಮರಳಿ ಬಿಡುವುದಕ್ಕೆ ಸಂಬಳ ಬರುತ್ತದೆಂದು ಮನೆಯಲ್ಲಿ ಹೆಂಡತಿಗೆ ಅವನು ಹೇಗೆ ತಿಳಿಸಿಹೇಳಿದನೋ!

1987ರಲ್ಲಿ ಈ ಪ್ರದೇಶ ಕಾವೇರಿ ವನ್ಯಜೀವಿಧಾಮವಾಗಿತ್ತು. ವನ್ಯಜೀವಿಧಾಮದೊಳಗೆ ಗಾಳ ಹಾಕುವುದೂ ಕಾನೂನಿನ ದೃಷ್ಟಿಯಲ್ಲಿ ಬೇಟೆಯೇ ಎಂಬ ತರ್ಕದಿಂದ, 2012ರ ಹೊತ್ತಿಗೆ ಈ ವಿನೋದ ನಿಂತಿತು. ತರ್ಕ ಸರಿಯೆಂದೇ ಒಪ್ಪೋಣ. ಆದರೆ ದಿನವೂ ನದಿಯ ಮೇಲಿರುತ್ತಿದ್ದ ಅಷ್ಟು ಜೊತೆ ಕಣ್ಣುಗಳು ಏಕಕಾಲಕ್ಕೆ ಅಲ್ಲಿಂದ ಎದ್ದುಹೋದುವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ, ಯಾವ ದಿನ ಯಾವ ಮೀನು ಎಷ್ಟು ತೂಕದ್ದು ಎಂದು ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿದಾಗ, ಕಾವೇರಿಯ ಕುಲದ್ದೇ ಆದ ಗೂನುಬೆನ್ನಿನ ಮಹಸೀರ್ ಕುಸಿಯುತ್ತಬಂದು, ಮಹಾರಾಷ್ಟ್ರದ ಲೋಣಾವಳೆಯಲ್ಲಿ ಮರಿಮಾಡಿಸುವ ನೀಲಿರೆಕ್ಕೆಯ ಜಾತಿಯದು ಅದರ ಸ್ಥಾನವನ್ನು ಆಕ್ರಮಿಸಿದ್ದು ಬೆಳಕಿಗೆ ಬಂತು. ಸಂರಕ್ಷಣೆಯ ಸದುದ್ದೇಶದಿಂದ ಬಿಟ್ಟ ಮರಿಗಳೇ ಮನೆಯವನನ್ನು ಹೊರಹಾಕಿದ್ದವು. ನೂರೈವತ್ತು ವರ್ಷ ಗಾಳದವರ ಹೊಗಳಿಕೆಗೆ ಪಾತ್ರವಾದ ಆ ಗೂನುಬೆನ್ನಿನ ಮೀನಿಗೆ ‘ಟಾರ್ ರೇಮಾದೇವಿ’ ಎಂಬ ಶಾಸ್ತ್ರೀಯನಾಮ ನಿಶ್ಚಯವಾದುದು 2018ರಲ್ಲಿ. ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಅದು ಸೇರಿದುದೂ ಅದೇ ವರ್ಷ.

ಕಳೆದ ಸಲ ಕುಣಿಗಲ್ಲಿಗೆ ಹೋಗಿದ್ದಾಗ, ಕೆರೆಯ ಅಂಚಿನಲ್ಲಿ ಗಾಳ ಹಾಕಿ ಕುಳಿತಿದ್ದ ವೃದ್ಧನೊಬ್ಬನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತೆ. ನಾನು ಬೆಂಡನ್ನೇ ನೋಡುತ್ತಿದ್ದೆ; ಅವನ ದೃಷ್ಟಿ ನಾಲ್ಕು ಮಾರು ಆಚೆ, ಜೊಂಡಿನ ಬುಡದಲ್ಲಿ ಏಳುತ್ತಿದ್ದ ಸಣ್ಣ ಗುಳ್ಳೆಗಳ ಮೇಲಿತ್ತು. “ಅಲ್ಲಿ ಏನಿದೆ, ಅಜ್ಜಾ?” ಎಂದೆ. “ಕೊರವ, ಸ್ವಾಮಿ. ಮರಿ ಕಾಯ್ತಾ ಐತೆ, ಅದರ ತಂಟೆಗೆ ಹೋಗಬಾರದು” ಎಂದು ಹೇಳಿ, ಕಡ್ಡಿಯನ್ನೆತ್ತಿ, ಹುಳುವಿನ ಡಬ್ಬವನ್ನು ಕಂಕುಳಿಗೆ ಸೇರಿಸಿಕೊಂಡು, ಇನ್ನೊಂದು ಕಲ್ಲಿನ ಕಡೆಗೆ ಹೊರಟನು.