ಪೆಟ್ಟಿಗೆಯೊಳಗಿನ ಬಟ್ಟೆ ಯಾರದು?

ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸಿರುವ ಈ ಪುಣ್ಯ ಸಂದರ್ಭದಲ್ಲಿ, ಹಿಂದಿನವರು ನಮಗೆ ಬಿಟ್ಟುಹೋದ ಆಸ್ತಿಯನ್ನು ಲೆಕ್ಕ ಹಾಕುವುದು ಸಹಜವಾಗಿದೆ. ಗೋಪುರ, ಗಂಟೆ, ಬಲಿಪೀಠ, ಪೂಜಾಪಾತ್ರೆಗಳು, ಸಂತರ ಸ್ವರೂಪಗಳು, ಪಾಠಶಾಲೆ, ಸಮಾಧಿಭೂಮಿ ಮುಂತಾದವುಗಳ ವಿವರಗಳು ಈ ಸ್ಮರಣ ಸಂಚಿಕೆಯ ಬೇರೆ ಪುಟಗಳಲ್ಲಿ ಬಂದಿವೆ. ನಾವು ಇಲ್ಲಿ ಹೇಳಹೊರಟಿರುವುದು ಇಂದಿನ ಪಟ್ಟಿಗಳಲ್ಲಿ ಕಾಣಸಿಗದ ಇನ್ನೊಂದು ಆಸ್ತಿಯ ವಿಷಯವನ್ನು. ಅದು ಬಡವರಿಗಾಗಿ ಕೂಡಿಟ್ಟ ಬಟ್ಟೆಬರೆ, ಪಾತ್ರೆಪಡಗಗಳ ಆಸ್ತಿ. ಅದರ ಚರಿತ್ರೆಯು ನಮ್ಮ ಗೋಪುರಗಳ ಚರಿತ್ರೆಗಿಂತಲೂ ಹಳೆಯದು.

ಕ್ರಿ.ಶ. 303ರಲ್ಲಿ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನ್ ಕ್ರೈಸ್ತರ ದೇವಾಲಯಗಳನ್ನು ಕೆಡವಿ ಪವಿತ್ರ ಗ್ರಂಥಗಳನ್ನು ಸುಡಬೇಕೆಂದು ಆಜ್ಞೆ ಹೊರಡಿಸಿದನು. ಆ ವರ್ಷದ ಮೇ 19ರಂದು ಉತ್ತರ ಆಫ್ರಿಕದ ಸಿರ್ತಾ ಎಂಬ ಪಟ್ಟಣದಲ್ಲಿ, ಎಂದರೆ ಇಂದಿನ ಅಲ್ಜೀರಿಯ ದೇಶದ ಕಾನ್‌ಸ್ಟಂಟೈನ್ ನಗರದಲ್ಲಿ, ಮುನಾತಿಯುಸ್ ಫೆಲಿಕ್ಸ್ ಎಂಬ ನಗರಾಧಿಕಾರಿಯು ಕ್ರೈಸ್ತರು ಕೂಡುತ್ತಿದ್ದ ಮನೆಗೆ ಬಂದನು. ಪೌಲನೆಂಬ ಧರ್ಮಾಧ್ಯಕ್ಷನೂ ಅವನ ಸೇವಾದರ್ಶಿಗಳೂ ಅಲ್ಲಿದ್ದರು. ಮನೆಯಲ್ಲಿದ್ದುದನ್ನೆಲ್ಲ ಹೊರಗೆ ತರಿಸಿ, ಒಂದೊಂದನ್ನೂ ಬರೆಸಿಕೊಳ್ಳಲಾಯಿತು. ಆ ಪಟ್ಟಿ ಇಂದಿಗೂ ಉಳಿದಿದೆ. ಅದರಲ್ಲಿ ಮೊದಲು ಬರುವುದು 2 ಚಿನ್ನದ ಪೂಜಾಪಾತ್ರೆಗಳು, 6 ಬೆಳ್ಳಿಯ ಪೂಜಾಪಾತ್ರೆಗಳು, 6 ಬೆಳ್ಳಿಯ ಹೂಜಿಗಳು, 7 ಬೆಳ್ಳಿಯ ದೀಪಗಳು, ಕಂಚಿನ ದೀಪಗಳು. ಅನಂತರ ಅದೇ ಪಟ್ಟಿಯಲ್ಲಿ, ನಡುವೆ ಯಾವ ಗೆರೆಯನ್ನೂ ಎಳೆಯದೆ, ಹೀಗೆ ಬರೆದಿದೆ: ಸ್ತ್ರೀಯರ ಅಂಗಿಗಳು 82, ಮೇಲುಹೊದಿಕೆಗಳು 38, ಪುರುಷರ ಅಂಗಿಗಳು 16, ಪುರುಷರ ಪಾದರಕ್ಷೆ 13 ಜೊತೆ, ಸ್ತ್ರೀಯರ ಪಾದರಕ್ಷೆ 47 ಜೊತೆ. ಪುಸ್ತಕದ ಕಪಾಟುಗಳು ಮಾತ್ರ ಬರಿದಾಗಿದ್ದವು. ಊಟದ ಕೋಣೆಯಲ್ಲಿ ನಾಲ್ಕು ದೊಡ್ಡ ಹರವಿಗಳೂ ಆರು ಗಡಿಗೆಗಳೂ ಸಿಕ್ಕಿದವು.

ಇದು ಹೆಮ್ಮೆಪಡಬೇಕಾದ ಪ್ರಸಂಗವೇನಲ್ಲ. ಸಿರ್ತಾದ ಧರ್ಮಾಧ್ಯಕ್ಷನು ಪ್ರಾಣಭಯದಿಂದ ಎಲ್ಲವನ್ನೂ ಅಧಿಕಾರಿಗೆ ಒಪ್ಪಿಸಿದನು. ಹದಿನೇಳು ವರ್ಷಗಳ ಬಳಿಕ, 320ರಲ್ಲಿ, ಈ ವಿಷಯವಾಗಿಯೇ ನ್ಯಾಯವಿಚಾರಣೆ ನಡೆದು ಹಳೆಯ ದಾಖಲೆಯನ್ನು ಓದಿಸಿದ್ದರಿಂದಲೇ ಅದು ನಮ್ಮವರೆಗೆ ಉಳಿದುಬಂದಿತು. ಆದರೆ ದೇವರು ಮನುಷ್ಯನ ಹೇಡಿತನದಿಂದಲೂ ಒಂದು ಸಾಕ್ಷ್ಯವನ್ನು ಹೊರತೆಗೆದನು. ಎಂಬತ್ತೆರಡು ಸ್ತ್ರೀಯರ ಅಂಗಿಗಳು ಒಂದು ಸಣ್ಣ ಸಭೆಯ ಬಳಿ ಏಕೆ ಇದ್ದವು? ಪುರುಷರ ಅಂಗಿಗಳಿಗಿಂತ ಐದು ಪಟ್ಟು ಏಕೆ? ಆ ಕಾಲದ ಧರ್ಮಸಭೆಯು ಸಲಹುತ್ತಿದ್ದ ಬಡವರಲ್ಲಿ ವಿಧವೆಯರೇ ಹೆಚ್ಚಿನವರೆಂಬುದನ್ನು ಬಲ್ಲವರಿಗೆ ಉತ್ತರವು ತಿಳಿದೇ ಇದೆ. ಚಿನ್ನದ ಪಾತ್ರೆಯೂ ವಿಧವೆಯ ಪಾದರಕ್ಷೆಯೂ ಒಂದೇ ಮನೆಯಲ್ಲಿ, ಒಂದೇ ಜವಾಬ್ದಾರಿಯ ಅಡಿಯಲ್ಲಿ ಇದ್ದವು.

ಈ ಪದ್ಧತಿ ಸಿರ್ತಾದಲ್ಲಿ ಹುಟ್ಟಿದುದಲ್ಲ. ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದಲ್ಲಿ ಯೊಪ್ಪ ಪಟ್ಟಣದ ತಬಿಥಾ ಎಂಬ ಪುಣ್ಯಸ್ತ್ರೀಯ ವೃತ್ತಾಂತವಿದೆ. ಆಕೆ ತೀರಿಕೊಂಡಾಗ ವಿಧವೆಯರು ಸಂತ ಪೇತ್ರರ ಸುತ್ತ ನಿಂತು ಅಳುತ್ತ, ಆಕೆ ತಮಗಾಗಿ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರೆಂದು ನಾವು ಓದುತ್ತೇವೆ. ಸತ್ತವಳ ಗುಣವನ್ನು ಹೊಗಳುವ ಮಾತಿಗಿಂತ ಆ ಬಟ್ಟೆಗಳೇ ದೊಡ್ಡ ಸಾಕ್ಷಿಯಾದವು. ಅವು ಆಕೆ ಎಸೆಯಬೇಕೆಂದಿದ್ದ ಬಟ್ಟೆಗಳಲ್ಲ, ಆ ವಿಧವೆಯರಿಗಾಗಿಯೇ ಸಿದ್ಧಪಡಿಸಿದ ಬಟ್ಟೆಗಳೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ನಾಲ್ಕನೆಯ ಶತಮಾನಕ್ಕೆ ಬರುವಷ್ಟರಲ್ಲಿ ಧರ್ಮಸಭೆಯ ಪಿತಾಮಹರು ಈ ವಿಷಯವನ್ನು ಸ್ಪಷ್ಟವಾದ ಬೋಧನೆಯಾಗಿ ರೂಪಿಸಿದರು. 369ರ ಸುಮಾರಿನಲ್ಲಿ ಕಪ್ಪದೋಕ್ಯ ಪ್ರಾಂತದಲ್ಲಿ ಕ್ಷಾಮ ಬಂದಾಗ, ಆಗಿನ್ನೂ ಗುರುವಾಗಿದ್ದ ಸಂತ ಬಾಸಿಲರು ಸಿರಿವಂತರ ಕಣಜಗಳನ್ನು ತೆರೆಯಿಸಿದರು. ಮುಂದೆ ಧರ್ಮಾಧ್ಯಕ್ಷರಾದಾಗ ಸಿಸೇರಿಯ ನಗರದ ಹೊರಗೆ ರೋಗಿಗಳಿಗೂ ಪರದೇಶಿಗಳಿಗೂ ದೊಡ್ಡ ಆಶ್ರಯವನ್ನೇ ಕಟ್ಟಿಸಿದರು. ಅವರು ತಮ್ಮ ಉಪದೇಶದಲ್ಲಿ ತಿಳಿಸಿದ ಸಾರವೇನೆಂದರೆ, ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿರುವ ಉಡುಪು ಬೆತ್ತಲೆಯಾಗಿರುವವನ ಸೊತ್ತು, ಮನೆಯ ಮೂಲೆಯಲ್ಲಿ ಹಾಳಾಗುತ್ತಿರುವ ಪಾದರಕ್ಷೆ ಬರಿಗಾಲಿನವನ ಸೊತ್ತು. ಈ ಬೋಧನೆಯ ಪ್ರಕಾರ, ಬಳಸದೆ ಇಟ್ಟ ವಸ್ತುವನ್ನು ಬಡವನಿಗೆ ಕೊಡುವವನು ಉಪಕಾರ ಮಾಡುತ್ತಿಲ್ಲ, ಸಾಲ ತೀರಿಸುತ್ತಿದ್ದಾನೆ. ಸಾಲ ತೀರಿಸುವವನು ಸವೆದ ನಾಣ್ಯವನ್ನು ಕೊಡುವುದು ಉಚಿತವೇ? ಎರಡನೆಯ ವ್ಯಾಟಿಕನ್ ಮಹಾಸಭೆಯೂ 1965ರಲ್ಲಿ, ಇಂದಿನ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ತನ್ನ ದಸ್ತಾವೇಜಿನಲ್ಲಿ, ಬಡವರಿಗೆ ನೆರವಾಗುವ ಕರ್ತವ್ಯವು ನಮ್ಮಲ್ಲಿ ಮಿಕ್ಕಿದ್ದಕ್ಕೆ ಮಾತ್ರ ಸೀಮಿತವಲ್ಲವೆಂಬ ಪಿತಾಮಹರ ಈ ಬೋಧನೆಯನ್ನು ನೆನಪಿಸಿತು.

ಅದೇ ಶತಮಾನದ ಸಂತ ಮಾರ್ಟಿನರ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ಫ್ರಾನ್ಸಿನ ಆಮಿಯಾ ನಗರದ ಬಾಗಿಲಲ್ಲಿ, ಕೊರೆಯುವ ಚಳಿಯಲ್ಲಿ, ಸೈನಿಕನಾಗಿದ್ದ ಮಾರ್ಟಿನರು ತಮ್ಮ ಮೇಲಂಗಿಯನ್ನು ಕತ್ತಿಯಿಂದ ಎರಡಾಗಿ ಸೀಳಿ ಅರ್ಧವನ್ನು ಭಿಕ್ಷುಕನಿಗೆ ಹೊದಿಸಿದರು. ಲತೀನ್ ಭಾಷೆಯಲ್ಲಿ ಮೇಲಂಗಿಗೆ ‘ಕಾಪ್ಪಾ’ ಎಂದು ಹೆಸರು. ಆ ಅಂಗಿಯ ಅವಶೇಷವನ್ನು ಕಾಪಾಡಿಟ್ಟ ಸ್ಥಳಕ್ಕೆ ‘ಕಪೆಲ್ಲಾ’ ಎಂಬ ಹೆಸರು ಬಂದು, ಅದರಿಂದಲೇ ನಾವು ದಿನವೂ ಬಳಸುವ ‘ಚಾಪೆಲ್’ ಎಂಬ ಮಾತು ಹುಟ್ಟಿತು. ಪ್ರಾರ್ಥನಾಲಯದ ಹೆಸರಿನಲ್ಲಿಯೇ ಬಡವನಿಗೆ ಕೊಟ್ಟ ಬಟ್ಟೆ ಅಡಗಿದೆ. ಮಾರ್ಟಿನರು ಕೊಟ್ಟುದು ಪೆಟ್ಟಿಗೆಯಲ್ಲಿದ್ದ ಹಳೆಯ ಅಂಗಿಯಲ್ಲ, ಮೈಮೇಲಿದ್ದ ಅಂಗಿ. ನಮಗೆ ಅಷ್ಟು ಸಾಧ್ಯವಾಗದಿದ್ದರೆ ಪೆಟ್ಟಿಗೆಯಲ್ಲಿರುವುದನ್ನಾದರೂ ಕೊಡಬಹುದಲ್ಲವೇ?

ಕೊಡುವ ಮನಸ್ಸಿದ್ದರೆ ಸಾಲದು, ಕ್ರಮವೂ ಬೇಕು. ಇದನ್ನು ಕಲಿಸಿದವರು ಸಂತ ವಿನ್ಸೆಂಟ್ ದೇ ಪೌಲರು. 1617ರ ಆಗಸ್ಟಿನಲ್ಲಿ ಅವರು ಫ್ರಾನ್ಸಿನ ಶಾತಿಯೋಂ ಎಂಬಲ್ಲಿ ಧರ್ಮಕೇಂದ್ರದ ಗುರುಗಳಾಗಿದ್ದರು. ಒಂದು ಭಾನುವಾರ ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಹತ್ತಿರದ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ನೋಡಿಕೊಳ್ಳುವವರಿಲ್ಲ ಎಂಬ ಸುದ್ದಿ ಬಂದಿತು. ಅದನ್ನೇ ಅವರು ಪ್ರಬೋಧನೆಯಲ್ಲಿ ಹೇಳಿದರು. ಮಧ್ಯಾಹ್ನ ತಾವೇ ನೋಡಲು ಹೊರಟಾಗ, ದಾರಿಯುದ್ದಕ್ಕೂ ಜನರು ಆ ಮನೆಗೆ ಆಹಾರ ಹೊತ್ತುಕೊಂಡು ಹೋಗಿ ಬರುತ್ತಿದ್ದರು. ಬೇರೊಬ್ಬರಾಗಿದ್ದರೆ ಸಂತೋಷಪಟ್ಟು ಸುಮ್ಮನಾಗುತ್ತಿದ್ದರು. ವಿನ್ಸೆಂಟರು ಮಾತ್ರ, ಇಂದು ಇಷ್ಟೊಂದು ಬಂದುದರಲ್ಲಿ ಬಹುಪಾಲು ಹಳಸಿಹೋಗುವುದು, ನಾಳೆ ಆ ಮನೆಗೆ ಮತ್ತೆ ಹಸಿವೇ ಗತಿಯೆಂದು ಯೋಚಿಸಿದರು. ಹಾಗೆ ಹುಟ್ಟಿದುದು ಸರದಿಯ ಪ್ರಕಾರ ಸೇವೆ ಮಾಡುವ ಸ್ತ್ರೀಯರ ಸಂಘ. ಮುಂದೆ 1650ರ ದಶಕದ ಆರಂಭದಲ್ಲಿ ಅಂತರ್ಯುದ್ಧದಿಂದ ಪ್ಯಾರಿಸ್ಸಿನ ಸುತ್ತಲ ಹಳ್ಳಿಗಳು ಹಾಳಾದಾಗ, ಆ ನಗರದ ಭಕ್ತರು ಧರ್ಮಕೇಂದ್ರಗಳಿಂದ ಬಟ್ಟೆ, ಪೀಠೋಪಕರಣ, ಅಡಿಗೆಯ ಪಾತ್ರೆ, ಕಸುಬಿನ ಉಪಕರಣಗಳನ್ನು ಸಂಗ್ರಹಿಸಿ, ಒಂದು ಧರ್ಮ ಉಗ್ರಾಣದಲ್ಲಿ ಕೂಡಿಟ್ಟು, ಹಳ್ಳಿಗಳಿಗೆ ತಲುಪಿಸಿದರು. ಮನೆಗಳಲ್ಲಿ ಬಳಕೆಯಿಲ್ಲದೆ ಇದ್ದ ವಸ್ತುಗಳಿಂದ ಸುಟ್ಟುಹೋದ ಮನೆಗಳಲ್ಲಿ ಮತ್ತೆ ಸಂಸಾರ ಹೂಡುವಂತಾಯಿತು.

ಮುಂದೆ ವಿನ್ಸೆಂಟರ ಹೆಸರನ್ನೇ ಪಡೆದ ಒಂದು ಸಣ್ಣ ಸಭೆ 1833ರ ಏಪ್ರಿಲ್ 23ರಂದು ಪ್ಯಾರಿಸ್ಸಿನಲ್ಲಿ ಸೇರಿತು. ಆರು ಮಂದಿ ವಿದ್ಯಾರ್ಥಿಗಳು, ಒಬ್ಬ ಹಿರಿಯ ಪತ್ರಿಕಾ ಸಂಪಾದಕರು. ವಿದ್ಯಾರ್ಥಿಗಳಲ್ಲಿ ಒಬ್ಬರಾದ ಫ್ರೆಡೆರಿಕ್ ಓಝನಾಮರಿಗೆ ಅಂದಿಗೆ ಸರಿಯಾಗಿ ಇಪ್ಪತ್ತು ವರ್ಷ ತುಂಬಿತ್ತು. ಓಝನಾಮರೂ ಅವರ ಗೆಳೆಯರೊಬ್ಬರೂ ಚಳಿಗಾಲ ಮುಗಿದ ಮೇಲೆ ತಮ್ಮ ಕೋಣೆಯಲ್ಲಿ ಉಳಿದಿದ್ದ ಸೌದೆಯನ್ನು ತಾವೇ ಹೊತ್ತು ಒಬ್ಬ ಬಡ ವಿಧವೆಗೆ ಕೊಟ್ಟುದೇ ಈ ಸೇವೆಯ ಆರಂಭವೆಂದು ಸಂತ ವಿನ್ಸೆಂಟ್ ದೇ ಪೌಲ್ ಸಭೆಯ ಚರಿತ್ರೆ ಹೇಳುತ್ತದೆ. ಬಡವರ ಮನೆಗೆ ಹೋಗುವ ದಾರಿಯನ್ನು ಅವರಿಗೆ ತೋರಿಸಿದವರು ಸಿಸ್ಟರ್ ರೊಸಾಲಿ ರಾಂದ್ಯು. ವಸ್ತುವನ್ನು ಕಳುಹಿಸುವುದಲ್ಲ, ತಾನೇ ಒಯ್ಯುವುದು, ಒಯ್ದ ಮನೆಯಲ್ಲಿ ಕುಳಿತು ಕಷ್ಟಸುಖ ಕೇಳುವುದು ಆ ಸಭೆಯ ನಿಯಮವಾಯಿತು. 1997ರಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಓಝನಾಮರನ್ನು ಧನ್ಯರ ಸಾಲಿಗೆ ಸೇರಿಸಿದರು.

ಇವೆಲ್ಲ ದೂರದೇಶದ ಕಥೆಗಳೆಂದು ಯಾರೂ ತಿಳಿಯಬಾರದು. ನಮ್ಮ ನಾಡಿನಲ್ಲಿ 1876ರಿಂದ 1878ರವರೆಗೆ ಬಂದ ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ಕಂಡವರ ಮಕ್ಕಳು, ಮೊಮ್ಮಕ್ಕಳೇ ಈ ದೇವಾಲಯಕ್ಕೆ ಕಲ್ಲು ಹೊತ್ತವರು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ. 1881ರಲ್ಲಿ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಸಾವಿಗೆ ಮುಂಚೆ ಮನೆಗಳು ಬರಿದಾದವು. ಮೊದಲು ಒಡವೆ, ಆಮೇಲೆ ಹಿತ್ತಾಳೆ ತಾಮ್ರದ ಪಾತ್ರೆಗಳು, ದನಕರು, ಕೊನೆಗೆ ಮನೆಯ ತೊಲೆ ಬಾಗಿಲುಗಳನ್ನೂ ಜನರು ಸಿಕ್ಕಿದ ಬೆಲೆಗೆ ಮಾರಿದರು. ಮಳೆ ಬಂದ ಮೇಲೆಯೂ ಅಂತಹವರಿಗೆ ಗಂಜಿ ಕಾಯಿಸಲು ಪಾತ್ರೆ ಬೇಕು, ಮಳೆ ತಡೆಯಲು ಬಾಗಿಲು ಬೇಕು. ಬಡತನವೆಂದರೆ ಹಣವಿಲ್ಲದಿರುವುದಷ್ಟೇ ಅಲ್ಲ. ದಿನನಿತ್ಯದ ವಸ್ತುಗಳು ಒಂದೊಂದಾಗಿ ಮನೆ ಬಿಟ್ಟುಹೋಗುವುದು. ಆದುದರಿಂದ ಒಂದು ಪಾತ್ರೆ, ಒಂದು ಕಂಬಳಿ, ಒಂದು ಮಂಚ ಹಿಂದಿರುಗಿ ಬಂದರೆ ಮನೆಯೇ ಹಿಂದಿರುಗಿದಂತೆ.

ಇನ್ನು ನಮ್ಮದೇ ಒಂದು ತಪ್ಪನ್ನು ಇಲ್ಲಿ ಒಪ್ಪಿಕೊಳ್ಳಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದು ಅನೇಕರು ಮನೆಮಠ ಕಳೆದುಕೊಂಡಾಗ, ನಾವು ಭಾನುವಾರದ ಬಲಿಪೂಜೆಯ ಕೊನೆಯಲ್ಲಿ, “ನಿಮಗೆ ಬೇಡವಾದ ವಸ್ತುಗಳನ್ನು ತಂದುಕೊಡಿ” ಎಂದು ಪ್ರಕಟಿಸಿದೆವು. ಜನರು ಉದಾರವಾಗಿ ತಂದರು. ಮೂಟೆಗಳನ್ನು ಬಿಚ್ಚಿದಾಗ ಒಳ್ಳೆಯ ಕಂಬಳಿಗಳೂ ಸೀರೆಗಳೂ ಇದ್ದವು, ನಿಜ. ಆದರೆ ಅವುಗಳ ಜೊತೆ ಗುಂಡಿ ಕಿತ್ತ ಅಂಗಿಗಳು, ತೂತುಬಿದ್ದ ಹೊದಿಕೆಗಳು, ಒಂಟಿ ಚಪ್ಪಲಿಗಳು, ತಳ ಸುಟ್ಟ ಬಾಣಲೆಗಳು. ವಿಂಗಡಿಸಲು ಕುಳಿತ ತಾಯಂದಿರಲ್ಲಿ ಒಬ್ಬರು, ಮನೆಗೆಲಸ ಮಾಡಿ ಜೀವಿಸುವವರು, ಒಂದು ಹರಿದ ಲಂಗವನ್ನು ಕೈಯಲ್ಲಿ ಹಿಡಿದು, “ಸ್ವಾಮಿ, ಇದನ್ನು ನೆಲ ಒರೆಸೋಕೂ ನಾವು ಇಟ್ಕೊಳ್ಳೋದಿಲ್ಲ” ಎಂದರು. ಆ ಮಾತು ನಮ್ಮನ್ನು ಚುಚ್ಚಿತು. ತಂದವರ ಮೇಲೆ ದೋಷ ಹೊರಿಸುವಂತಿರಲಿಲ್ಲ. ಬೇಡವಾದುದನ್ನು ತನ್ನಿರೆಂದು ಕೇಳಿದವರು ನಾವೇ, ಅವರು ಬೇಡವಾದುದನ್ನೇ ತಂದಿದ್ದರು.

ಈ ತಪ್ಪು ನಮ್ಮೊಬ್ಬರದಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಗೆ ಬಂದ ಬಟ್ಟೆಗಳಲ್ಲಿ ಬಹಳಷ್ಟು ಅಲ್ಲಿಯವರ ಉಡುಗೆಗೂ ಹವೆಗೂ ಹೊಂದದೆ ರಸ್ತೆಯ ಬದಿಯಲ್ಲಿ ರಾಶಿ ಬಿದ್ದಿದ್ದವು. ಅಂತಹ ರಾಶಿಗಳನ್ನು ತೆಗೆದುಕೊಂಡು ವಿಂಗಡಿಸಿ ಉಪಯೋಗಕ್ಕೆ ತಂದವರಲ್ಲಿ 1999ರಲ್ಲಿ ದೆಹಲಿಯಲ್ಲಿ ಆರಂಭವಾದ ಗೂಂಜ್ ಸಂಸ್ಥೆಯೂ ಒಂದು. ಹಳ್ಳಿಯ ಜನರು ತಮ್ಮ ಊರಿಗೆ ಬಾವಿ, ರಸ್ತೆ, ಕಾಲುಸೇತುವೆಗಳ ಕೆಲಸ ಮಾಡಿ, ಅದಕ್ಕೆ ಪ್ರತಿಯಾಗಿ ಬಟ್ಟೆಬರೆಗಳನ್ನು ಪಡೆಯುವ ಕ್ರಮವನ್ನು ಆ ಸಂಸ್ಥೆ ರೂಢಿಗೆ ತಂದಿದೆ. ಅದು ನಮ್ಮ ಧರ್ಮಸಭೆಯ ಸಂಸ್ಥೆಯಲ್ಲ; ಆದರೂ ಪಡೆಯುವವನ ಮಾನವನ್ನು ಕಾಯುವ ಈ ರೀತಿಯಿಂದ ನಾವು ಕಲಿಯಬೇಕಾದುದು ಬಹಳವಿದೆ.

ಮರುವಾರ ನಮ್ಮ ಪ್ರಕಟಣೆಯನ್ನು ಬದಲಿಸಿದೆವು. “ಅವರಿಗೆ ಬೇಕಾದುದು ನಿಮ್ಮಲ್ಲಿ ಬಳಕೆಯಿಲ್ಲದೆ ಇದ್ದರೆ, ಒಗೆದು, ಹೊಲಿದು, ತೊಳೆದು ತನ್ನಿ” ಎಂದೆವು. ಬೇಕಾದ ವಸ್ತುಗಳ ಪಟ್ಟಿಯನ್ನು ಬಾಗಿಲ ಬಳಿ ತೂಗುಹಾಕಿದೆವು. ಆ ವಾರ ಬಂದ ಮೂಟೆಗಳು ಕಡಿಮೆ, ಆದರೆ ಎಸೆಯಬೇಕಾದುದು ಏನೂ ಇರಲಿಲ್ಲ. ಯೊಪ್ಪದ ತಬಿಥಾ, ಸಿಸೇರಿಯದ ಬಾಸಿಲರು, ಶಾತಿಯೋಂನ ವಿನ್ಸೆಂಟರು ಕಲಿಸಿದ್ದ ಪಾಠವನ್ನು ಗುರುಮಠದಲ್ಲಿ ಓದಿಯೂ ನಾವು ಕಲಿತುದು ಆ ಬಡತಾಯಿಯ ಒಂದು ಮಾತಿನಿಂದ.

ಶತಮಾನೋತ್ಸವದ ನೆನಪಿಗಾಗಿ ಧರ್ಮಕೇಂದ್ರದ ಸಭಾಂಗಣದಲ್ಲಿ ಒಂದು ಬೀರುವನ್ನು ಇರಿಸಬೇಕೆಂಬುದು ನಮ್ಮ ವಿನಂತಿ. ಬಂದ ವಸ್ತುವನ್ನು ನೋಡಿ, ವಿಂಗಡಿಸಿ, ಪುಸ್ತಕದಲ್ಲಿ ಬರೆದಿಡುವ ಭಾರವನ್ನು ಸಂತ ವಿನ್ಸೆಂಟ್ ದೇ ಪೌಲ್ ಸಭೆಯ ಸದಸ್ಯರು ಹೊರಲಿ. ಯಾರಿಗೆ ಏನು ಬೇಕೆಂಬುದನ್ನು ಅವರವರ ಮನೆಗೇ ಹೋಗಿ, ನಾಲ್ಕು ಜನರ ಮುಂದೆ ನಾಚಿಕೆಪಡಿಸದೆ ತಿಳಿದುಕೊಳ್ಳಲಿ. ಜಾತಿಮತಗಳನ್ನು ಕೇಳುವುದು ಬೇಡ. ನಮ್ಮ ಮನೆಗಳಲ್ಲಿ ಮದುವೆಗೆ ಬಂದು ಇನ್ನೂ ಕಾಗದ ಬಿಚ್ಚದ ಸ್ಟೀಲ್ ಪಾತ್ರೆಗಳು, ಮಗು ಬೆಳೆದ ಮೇಲೆ ಅಟ್ಟ ಸೇರಿದ ತೊಟ್ಟಿಲು, ಹೊಸ ಯಂತ್ರ ಬಂದ ಮೇಲೆ ಮೂಲೆ ಸೇರಿದ ಹೊಲಿಗೆ ಯಂತ್ರ ಇಲ್ಲವೆಂದು ಯಾರು ಹೇಳಬಲ್ಲರು? ಆ ಹೊಲಿಗೆ ಯಂತ್ರವು ಒಂದು ಸಂಸಾರದ ಅನ್ನವಾಗಬಹುದು.

ದೇವಾಲಯದ ಆಸ್ತಿಯ ಪಟ್ಟಿಯನ್ನು ಮುಂದಿನ ಸಲ ಬರೆಯುವಾಗ, ಪೂಜಾಪಾತ್ರೆಗಳ ಕೆಳಗೆ ಈ ಬೀರುವಿನಲ್ಲಿ ಇರುವ ಸೀರೆ, ಕಂಬಳಿ, ಪಾತ್ರೆಗಳ ಸಂಖ್ಯೆಯನ್ನೂ ಬರೆಯಿಸಬೇಕೆಂದು ನಾವು ನಿಶ್ಚಯಿಸಿದ್ದೇವೆ. ಸಿರ್ತಾದ ಪಟ್ಟಿಯನ್ನು ಬರೆದವನು ಶತ್ರುವಿನ ಗುಮಾಸ್ತ. ನಮ್ಮ ಪಟ್ಟಿಯನ್ನು ನಾವೇ ಸಂತೋಷದಿಂದ ಬರೆಯೋಣ. ಬೆತ್ತಲೆಯಾಗಿದ್ದಾಗ ತಮಗೆ ಉಡಿಸಿದವರನ್ನು ಕಡೆಯ ದಿನದಲ್ಲಿ ಗುರುತಿಸುವೆನೆಂದು ವಾಗ್ದಾನ ಮಾಡಿದ ಪ್ರಭು ಯೇಸುಕ್ರಿಸ್ತರು ನಮ್ಮ ಧರ್ಮಕೇಂದ್ರದ ಎರಡನೆಯ ಶತಮಾನವನ್ನು ಆಶೀರ್ವದಿಸಲಿ.