ಜಿಪ್ ಫೈಲಿನ ಹಫ್‌ಮನ್ ಮತ್ತು ಒಂದು ಹಾಳೆ ಕಾಗದ

1/3
ಮೊದಲ ಫೋಟೋ ನೋಡಿದ್ರಾ? ಕಡ್ಲೆಕಾಯಿ ಪೊಟ್ಟಣ. ಬಿಚ್ಚಿದ್ರೆ ಮತ್ತೆ ಹಳೇ ನ್ಯೂಸ್‌ಪೇಪರ್ರೇ. ಎರಡನೇದು ಕರಿದ ಹಪ್ಪಳ. ಅದನ್ನ ಚಪ್ಪಟೆ ಮಾಡೋಕೆ ಹೋದ್ರೆ ಪುಡಿಪುಡಿ. ಸ್ಟುಡಿಯೋದಲ್ಲಿ ದಿನಾ ಕೇಳೋ 'ಡೆವಲಪಬಲ್ ಸರ್ಫೇಸ್' ಅಂದ್ರೆ ಪೊಟ್ಟಣದ ಜಾತಿ: ಹಾಳೆಯನ್ನು ಎಳೆಯದೆ, ಹರಿಯದೆ, ಬರೀ ಬಾಗಿಸಿ ಪಡೆಯುವ ಮೇಲ್ಮೈ.

ಯಾವ ಯಾವ ಆಕಾರಗಳನ್ನು ಹೀಗೆ ಬಿಚ್ಚಿ ಹಾಸಬಹುದು ಅಂತ ಆಯ್ಲರ್ 1772ರಲ್ಲೇ ಬರೆದಿದ್ದ. 1827ರಲ್ಲಿ ಗಾಸ್ ಕಾರಣ ಕೊಟ್ಟ. ಬಾಗಿಸುವುದರಿಂದ ಮೇಲ್ಮೈಯ ಒಳಗಿನ ವಕ್ರತೆ ಬದಲಾಗಲ್ಲ. ಹಾಳೆಯದ್ದು ಸೊನ್ನೆ, ಹೇಗೆ ಸುತ್ತಿದರೂ ಸೊನ್ನೆಯೇ. ಅದಕ್ಕೇ ಪೊಟ್ಟಣದ ಯಾವ ಬಿಂದುವಿನಲ್ಲಿ ಸ್ಕೇಲ್ ಇಟ್ಟರೂ ಒಂದು ದಿಕ್ಕಿನಲ್ಲಿ ಅದು ನೆಟ್ಟಗೆ ಕೂರುತ್ತೆ. ಹಪ್ಪಳದ ಮೇಲೆ ಇಟ್ಟು ನೋಡಿ, ಆಮೇಲೆ ತಿನ್ನಿ.

2/3
ಈಗ ನನಗೆ ಇಷ್ಟವಾದ ಭಾಗ. ಕಂಪ್ಯೂಟರ್ ಸೈನ್ಸ್ ಗೆಳೆಯರಿಗೆ ಹಫ್‌ಮನ್ ಕೋಡಿಂಗ್ ಗೊತ್ತೇ ಇರುತ್ತೆ. ಎಂಐಟಿಯಲ್ಲಿ ಓದುವಾಗ ಪರೀಕ್ಷೆ ತಪ್ಪಿಸಿಕೊಳ್ಳೋಕೆ ಟರ್ಮ್ ಪೇಪರ್ ಆರಿಸಿಕೊಂಡು, 1952ರಲ್ಲಿ ಪ್ರಕಟಿಸಿದ್ದು ಅದು. ಜಿಪ್, ಜೆಪೆಗ್ ಎಲ್ಲದರಲ್ಲೂ ಇದೆ. ಈ ಪೋಸ್ಟಿನ ಫೋಟೋ ನಿಮ್ಮ ಫೋನಿಗೆ ಬಂದಿದ್ದರಲ್ಲೂ ಅವನ ಪಾಲು ಇರಬಹುದು.

ಅದೇ ಡೇವಿಡ್ ಹಫ್‌ಮನ್ ಆಮೇಲೆ ವರ್ಷಗಟ್ಟಲೆ ಕಾಗದ ಮಡಚಿದ. ನೇರ ಗೆರೆಗಳಷ್ಟೇ ಅಲ್ಲ, ವಕ್ರ ಗೆರೆಗಳ ಮೇಲೂ. ವಕ್ರ ಗೆರೆಯಲ್ಲಿ ಮಡಚಿದರೆ ಎರಡು ಬದಿಗೂ ಸ್ವಾತಂತ್ರ್ಯ ಇಲ್ಲ. ಒಂದನ್ನ ಬಾಗಿಸಿದ್ರೆ ಇನ್ನೊಂದು ತಾನಾಗೇ ಏಳುತ್ತೆ. ಯಾಕೆ, ಎಷ್ಟು ಏಳುತ್ತೆ ಅನ್ನೋ ಲೆಕ್ಕವನ್ನು 1976ರಲ್ಲಿ ಒಂದು ಪ್ರಬಂಧವಾಗಿ ಬರೆದ, ಗಾಸ್‌ನ ವಿಚಾರವನ್ನೇ ಹಿಡಿದು. ಅಂದಾಜಿನ ಮೇಲೆ ಮಡಚುವವನಲ್ಲ ಅವನು. ಪ್ಯಾರಬೋಲ, ಎಲಿಪ್ಸ್ ಎಳೆದು, ಲೆಕ್ಕ ಹಾಕಿ, ಆಮೇಲೆ ವಿನೈಲ್ ಹಾಳೆಯ ಮೇಲೆ ಗೆರೆ ಒತ್ತುತ್ತಿದ್ದ. ಆದರೆ ಮಡಿಕೆ ಬಗ್ಗೆ ಪ್ರಕಟಿಸಿದ್ದು ಆ ಒಂದೇ ಪ್ರಬಂಧ! 1999ರಲ್ಲಿ ತೀರಿಕೊಂಡ ಮೇಲೆ ಉಳಿದದ್ದು ಮಾದರಿಗಳು, ನೋಟ್ಸು. ಎರಿಕ್ ಡಿಮೇನ್ ಮತ್ತು ಜೊತೆಗಾರರು ಅವನ್ನ ಕೂತು ಮತ್ತೆ ಕಟ್ಟಬೇಕಾಯ್ತು. (ನೋಟ್ಸ್ ನೀಟಾಗಿ ಇಡ್ರಪ್ಪಾ.)

ಅವನಿಗೂ ಮುಂಚೆ, 1920ರ ದಶಕದ ಕೊನೆಯಲ್ಲಿ, ಜರ್ಮನಿಯ ಬೌಹೌಸ್‌ನಲ್ಲಿ ಯೋಸೆಫ್ ಆಲ್ಬರ್ಸ್ ಕ್ಲಾಸಿನ ಮಕ್ಕಳು ದುಂಡು ಹಾಳೆಗೆ ಒಂದರೊಳಗೊಂದು ವೃತ್ತ ಎಳೆದು, ಒಂದು ಮೇಲೆ ಒಂದು ಕೆಳಗೆ ಅಂತ ಮಡಚಿದ್ದರು. ಕೈ ಬಿಟ್ಟ ತಕ್ಷಣ ಹಾಳೆ ತಾನೇ ತಿರುಚಿಕೊಂಡು ಕುದುರೆ ಜೀನಿನ ಆಕಾರಕ್ಕೆ ಬರುತ್ತೆ. ಮೂರನೇ ಫೋಟೋ ನಾನು ಮಾಡಿದ್ದು. ವೃತ್ತದ ಬದಲು ಚೌಕ ಎಳೆದರೂ ಹಾಗೇ ಆಗುತ್ತೆ, ನಾಲ್ಕನೇದು.

3/3
ಸಾಫ್ಟ್‌ವೇರ್ ವಿಷಯಕ್ಕೆ ಬರೋಣ. ಫ್ರಾಂಕ್ ಗೆಹ್ರಿ ಕಚೇರಿ ಬಾರ್ಸಿಲೋನಾದ ಮೀನಿಗೆ (1992) ವಿಮಾನ ಕಟ್ಟೋರ ಕ್ಯಾಟಿಯಾ ಬಳಸಿದ ಕತೆ ಎಲ್ಲರಿಗೂ ಗೊತ್ತು, ಬಿಡಿ. ನಮ್ಮಂಥ ವಿದ್ಯಾರ್ಥಿಗಳ ಕೈಗೆ ಇದು ಸಿಕ್ಕಿದ್ದು ಡೇವಿಡ್ ರಟನ್ ಮಾಡಿದ ಗ್ರಾಸ್‌ಹಾಪರ್‌ನಿಂದ, ಆಮೇಲೆ ಡೇನಿಯಲ್ ಪೈಕರ್ ಅದಕ್ಕೆ ಬರೆದ ಕಾಂಗರೂವಿನಿಂದ. ಕಾಂಗರೂ ಏನು ಮಾಡುತ್ತೆ? ಹಾಳೆಯನ್ನು ಮೆಶ್ ಮಾಡಿ, ಮೂಲೆಗಳನ್ನು ಕಣ ಅಂತ, ಅಂಚುಗಳನ್ನು ಸ್ಪ್ರಿಂಗ್ ಅಂತ, ಮಡಿಕೆಗಳನ್ನು ಕೀಲು ಅಂತ ನೋಡುತ್ತೆ. ಉದ್ದ ಬದಲಾಗಬಾರದು, ಚೌಕಗಳು ಸಮತಟ್ಟಾಗಿರಬೇಕು, ಮಡಿಕೆ ಇಷ್ಟು ಡಿಗ್ರಿ ತೆರೀಬೇಕು: ಒಂದೊಂದು ಗುರಿಯೂ ಕಣವನ್ನು ತನ್ನ ಕಡೆ ಎಳೆಯುತ್ತೆ. ನೂರಾರು ಸುತ್ತು ಆದ್ಮೇಲೆ ಎಲ್ಲ ನಿಲ್ಲುತ್ತೆ.

ಗುರಿಗಳು ಒಂದಕ್ಕೊಂದು ಒಪ್ಪದಿದ್ದರೂ ನಿಲ್ಲುತ್ತೆ! ಅಲ್ಲೇ ನಾವು ಬಿದ್ದಿದ್ದು. ಕಳೆದ ಸೆಮಿಸ್ಟರ್ ನಮ್ಮ ತಂಡದ ಪೆವಿಲಿಯನ್ ಸ್ಕ್ರೀನ್ ಮೇಲೆ ಸಕತ್ತಾಗಿತ್ತು. ಪಟ್ಟಿಗಳನ್ನು ಅನ್‌ರೋಲ್ ಮಾಡಿ, ಕತ್ತರಿಸಿ, ರಿವ್ಯೂ ಹಿಂದಿನ ರಾತ್ರಿ ಜೋಡಿಸಿದ್ರೆ ಕೊನೆಯ ಪಟ್ಟಿ ಮುಚ್ಚಲೇ ಇಲ್ಲ, ಬೆರಳು ತೂರುವಷ್ಟು ಸಂದು. ಸ್ಪ್ರಿಂಗುಗಳು ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಹಿಗ್ಗಿ ರಾಜಿ ಮಾಡಿಕೊಂಡಿದ್ದವು. ಐವರಿ ಶೀಟ್ ಹಿಗ್ಗಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಗಾಸ್ ಹೇಳಿದ್ದು ಅರ್ಥವಾಯ್ತು.

ತಮಾಷೆ ಅಂದ್ರೆ, ಕಾಗದವೂ ನಮಗೆ ಮೋಸ ಮಾಡುತ್ತೆ. ನಾಲ್ಕನೇ ಫೋಟೋದ ಚೌಕದ ಮಡಿಕೆಯನ್ನು ಜನ ದಶಕಗಳಿಂದ ಮಾಡ್ತಾ ಇದ್ದಾರೆ. ಆದರೆ ಡಿಮೇನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ಆ ಚೌಕದ ಗೆರೆಗಳಷ್ಟೇ ಇದ್ದರೆ ಎಳೆತವಿಲ್ಲದ ಹಾಳೆಗೆ ಆ ರೂಪ ಅಸಾಧ್ಯ ಅಂತ ಸಾಧಿಸಿದರು. ನಮ್ಮ ಕೈಯಲ್ಲಿರೋ ಹಾಳೆ ನಾವು ಎಳೆಯದ ಗೆರೆಗಳನ್ನು ತಾನೇ ಸಣ್ಣದಾಗಿ ಹಾಕಿಕೊಂಡಿರುತ್ತೆ ಅಥವಾ ಸ್ವಲ್ಪ ಎಳೆದುಕೊಂಡಿರುತ್ತೆ. ವೃತ್ತದ ಮಡಿಕೆ ನಿಜವಾಗಿ ಇರಬಹುದು ಅನ್ನೋದು ಅವರ ಊಹೆ.

ಕೊನೆಯ ಫೋಟೋ ಝೂಮ್ ಮಾಡಿ. ಅದೇ ಚೌಕದ ಹಾಳೆ, ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದದ್ದು. ಮೂಲೆ ಹತ್ತಿರ ಕೂದಲೆಳೆಯಷ್ಟು ಗೆರೆ ಕಾಣ್ತಾ? ನಾನು ಎಳೆದದ್ದಲ್ಲ.